ಮೂರನೇ ವಾರದ ಫೋನು

ಶೆಲ್ಟರಿನಿಂದ ದತ್ತು ಹೋದ ನಾಯಿ ಬೆಕ್ಕುಗಳ ಯೋಗಕ್ಷೇಮ ವಿಚಾರಿಸುವ ಕೆಲಸದಲ್ಲಿ ಎರಡು ಫೋನು ಖಾಯಂ. ಒಂದು, ಮನೆಗೆ ಹೋದ ಎರಡನೇ ದಿನವೋ ಮೂರನೇ ದಿನವೋ ಬರುವಂಥದ್ದು: "ಎಂತ ಹಾಕಿದ್ರೂ ಮೂಸಿ ನೋಡ್ತಿಲ್ಲ ಮಾರಾಯ್ರೆ, ಮೂಲೇಲೇ ಬಿದ್ಕೊಂಡಿದೆ." ಇನ್ನೊಂದು ಮೂರನೇ ವಾರದ್ದು: "ಇಷ್ಟು ದಿನ ಬಂಗಾರದಂಥ ನಾಯಿ. ಈಗ ಚಪ್ಪಲಿ ಉಳಿಸ್ತಿಲ್ಲ, ಬಂದವರ ಮೇಲೆ ಹಾರುತ್ತೆ. ವಾಪಸ್ ತಗೊಳ್ತೀರಾ?" ಮೊದಲ ಫೋನಿಗೆ ಸಮಾಧಾನ ಹೇಳಿದರೆ ಸಾಕಾಗುತ್ತದೆ. ನಾಯಿ ವಾಪಸ್ ಬರುವುದು ಎರಡನೆಯದರ ಬೆನ್ನಿಗೆ. ಆದರೆ ಅದರ ಬೇರು ಇರುವುದು ಮೊದಲ ಮೂರು ದಿನದಲ್ಲಿ.

ಈ ಕೆಲಸದಲ್ಲಿ ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಅಂದಾಜಿನ ಲೆಕ್ಕ ಇದೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ರೂಢಿ ಅರ್ಥವಾಗುವುದು, ಮೂರು ತಿಂಗಳಿಗೆ "ಇದು ನನ್ನ ಮನೆ" ಅನ್ನುವ ಭಾವ. ಮೊದಲ ದಿನಗಳಲ್ಲಿ ನಾಯಿ ಬೊಗಳುವುದಿಲ್ಲ, ಹಾರುವುದಿಲ್ಲ, ಎತ್ತಿಕೊಂಡರೂ ಸುಮ್ಮನಿರುತ್ತದೆ. ಮನೆಯವರು ಅದನ್ನು ಸಾಧು ಅಂದುಕೊಂಡು ಸೋಫಾ, ಹಾಸಿಗೆ, ಅಡುಗೆಮನೆ ಎಲ್ಲ ಬಿಟ್ಟುಕೊಡುತ್ತಾರೆ. ಅದು ಸಾಧುತನವಲ್ಲ, ಹೆದರಿ ಮರಗಟ್ಟಿದ್ದು. ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದೆಯೂ ಆಕಳಿಸುವುದು, ತಲೆ ಆ ಕಡೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು, ಬಾಲ ಹೊಟ್ಟೆಗೆ ಸೇರಿಸುವುದು ಇವೆಲ್ಲ ಅದರ ಗುರುತು. ಮೂರನೇ ವಾರಕ್ಕೆ ಹೆದರಿಕೆ ಬಿಟ್ಟು ನಾಯಿ ನಾಯಿಯಾಗುತ್ತದೆ. ಅಷ್ಟರಲ್ಲಿ ಕೊಟ್ಟ ಸಲುಗೆ ಹಿಂದೆ ತಗೊಳ್ಳಲಿಕ್ಕೆ ಹೋದರೆ ಅದಕ್ಕೆ ಅರ್ಥವಾಗುವುದಿಲ್ಲ. ಸೋಫಾ ಹತ್ತಬಾರದು ಅಂತಿದ್ದರೆ ಮೊದಲ ದಿನವೇ ಹತ್ತಿಸಬೇಡಿ. ಮೂರನೇ ವಾರ ಹೊಸ ಜಾಗ ಒಂದೊಂದೇ ತೆರೆಯಿರಿ, ಮುಚ್ಚಬೇಡಿ.

ಮನೆ ತಲುಪುವ ಹೊತ್ತಿನ ವಿಚಾರಕ್ಕೆ ಬರೋಣ. ಶಿವಮೊಗ್ಗದಿಂದ ತೀರ್ಥಹಳ್ಳಿ, ಹೊಸನಗರ ಕಡೆ ಹೋಗುವ ದಾರಿಯ ತಿರುವುಗಳಿಗೆ ನಾಯಿ ವಾಂತಿ ಮಾಡುವುದು ಸಾಮಾನ್ಯ. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ, ನೀರು ನಿಲ್ಲಿಸಬೇಡಿ. ನಾಯಿ ಕೈತಪ್ಪಿ ಓಡುವುದು ದಾರಿಯಲ್ಲಲ್ಲ, ಮನೆ ಮುಂದೆ ಕಾರಿನ ಬಾಗಿಲು ತೆಗೆದ ಆ ಅರ್ಧ ನಿಮಿಷದಲ್ಲಿ. ನಡೆಯುವುದು ಹೀಗೆ: ಇಳಿಯಲಿಕ್ಕೆ ಹೆದರಿ ನಾಯಿ ಹಿಂದಕ್ಕೆ ಜಗ್ಗುತ್ತದೆ. ಹಿಡಿದವರು ಮುಂದಕ್ಕೆ ಎಳೆಯುತ್ತಾರೆ. ನಾಯಿ ಕಿವಿ ಹಿಂದಕ್ಕೆ ಒತ್ತಿ ತಲೆ ತಗ್ಗಿಸುತ್ತದೆ. ಕುತ್ತಿಗೆಗಿಂತ ತಲೆ ದಪ್ಪ ಇಲ್ಲದ ನಮ್ಮ ನಾಟಿ ನಾಯಿಗಳಿಗೆ ಆ ಭಂಗಿಯಲ್ಲಿ ಬೆಲ್ಟು ಬಳೆಯ ಹಾಗೆ ಕಳಚುತ್ತದೆ. ಆಮೇಲೆ ತೋಟ, ಹಳ್ಳ, ಕಾಡು. ಬೆಲ್ಟಿನ ಒಳಗೆ ಎರಡು ಬೆರಳು ಮಾತ್ರ ಹೋಗಬೇಕು. ಜೊತೆಗೆ ಎದೆಗೆ ಹಾಕುವ ಹಾರ್ನೆಸ್ ಒಂದಿರಲಿ. ಬೆಲ್ಟಿಗೊಂದು, ಹಾರ್ನೆಸ್ಸಿಗೊಂದು ಅಂತ ಎರಡು ಹಗ್ಗ. ನಾಯಿ ಹಿಂದೆ ಜಗ್ಗಿದರೆ ನೀವೂ ಅದರ ಕಡೆಗೆ ಒಂದು ಹೆಜ್ಜೆ ಹಾಕಿ. ಹಗ್ಗ ಸಡಿಲವಾದರೆ ಅದು ಜಗ್ಗುವುದು ನಿಲ್ಲಿಸುತ್ತದೆ. ಬೆಲ್ಟಿನ ಮೇಲೆ ಫೋನ್ ನಂಬರ್ ಅಳಿಸದ ಶಾಯಿಯಲ್ಲಿ ಅವತ್ತೇ ಬರೆದಿರಬೇಕು. ಮಲೆನಾಡಿನ ಬಹಳಷ್ಟು ಮನೆಗಳಿಗೆ ಕಾಂಪೌಂಡ್ ಇಲ್ಲ, ಇರುವುದು ಬೇಲಿ ಮತ್ತು ಅಡ್ಡಗಳುವಿನ ದಣಪೆ. ಹಾಗಾಗಿ ಮೊದಲ ಎರಡು ವಾರ ಅಂಗಳದಲ್ಲೂ ಹಗ್ಗ ಬಿಡಬೇಡಿ.

ಕೈತಪ್ಪಿ ಹೋಯಿತು ಅಂತಿಟ್ಟುಕೊಳ್ಳಿ. ಊರವರೆಲ್ಲ ಸೇರಿ ಅಟ್ಟಿಸಿಕೊಂಡು ಹೋಗುವುದು ಅತಿ ಕೆಟ್ಟ ಉಪಾಯ. ಇನ್ನೂ ಹೆಸರೇ ಗೊತ್ತಿಲ್ಲದ ನಾಯಿಗೆ ಕೂಗು ಅಂದರೆ ಬೇಟೆ. ಕಡೆಯ ಬಾರಿ ಕಂಡ ಜಾಗದಲ್ಲಿ ಅದು ಮಲಗಿದ್ದ ಗೋಣಿ, ವಾಸನೆ ಬರುವ ಊಟ ಇಟ್ಟು, ಒಬ್ಬರೇ ಬೆನ್ನು ತಿರುಗಿಸಿ ನೆಲದ ಮೇಲೆ ಕೂತುಕೊಳ್ಳಿ. ಜನರ ಓಡಾಟ ನಿಂತ ಮೇಲೆ, ಮುಸ್ಸಂಜೆಗೆ ಅಥವಾ ನಸುಕಿಗೆ ಹೊರಗೆ ಬರುವ ಸಂಭವ ಹೆಚ್ಚು.

ರಾತ್ರಿ ಎಲ್ಲಿ ಮಲಗಿಸುವುದು ಅನ್ನುವುದಕ್ಕೆ ಇಲ್ಲಿ ಚರ್ಚೆಯೇ ಇಲ್ಲ: ಒಳಗೆ. ಅಂಗಳದಲ್ಲಿ ಕಟ್ಟಿದ ನಾಯಿಯನ್ನು ಚಿರತೆ ಎತ್ತಿಕೊಂಡು ಹೋದ ಸುದ್ದಿ ಮಲೆನಾಡಿಗೆ ಹೊಸದಲ್ಲ, ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ. ಬಾಗಿಲು ಇರುವ ಜಗಲಿ ಆಗಬಹುದು, ಒಳಗಿನ ಮೂಲೆಯಾದರೆ ಇನ್ನೂ ಒಳ್ಳೆಯದು. ಎರಡು ಕಡೆ ಗೋಡೆ, ಕೆಳಗೆ ಗೋಣಿಚೀಲ, ಮೇಲೆ ಹಳೇ ಕಂಬಳಿ, ಜೊತೆಗೆ ಶೆಲ್ಟರಿನಿಂದ ಕೊಟ್ಟ ಬಟ್ಟೆ. ಆ ಬಟ್ಟೆ ಕೊಳಕು ಅಂತ ಒಗೆಯುವವರಿದ್ದಾರೆ, ದಯವಿಟ್ಟು ಒಗೆಯಬೇಡಿ. ಆ ಮನೆಯಲ್ಲಿ ಅದಕ್ಕೆ ಪರಿಚಯ ಇರುವ ವಾಸನೆ ಅದೊಂದೇ. ಇನ್ನು ಹಗಲೆಲ್ಲ ಚೈನಿನಲ್ಲಿ ಕಟ್ಟಿ ಹಾಕುವ ಯೋಚನೆ ಇದ್ದರೆ ದತ್ತು ಬೇಡ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ವಿನಾಕಾರಣ ಹೊತ್ತುಗಟ್ಟಲೆ ಕಟ್ಟುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಊಟ. ಶೆಲ್ಟರಿನಲ್ಲಿ ತಿನ್ನುತ್ತಿದ್ದುದನ್ನೇ ಎರಡು ಮೂರು ದಿನ ಹಾಕಿ, ಆಮೇಲೆ ಏಳು ದಿನದಲ್ಲಿ ಬದಲಿಸಿ: ಕಾಲು ಭಾಗ ಹೊಸದು, ಅರ್ಧ, ಮುಕ್ಕಾಲು, ಪೂರ್ತಿ. ಮೊದಲ ದಿನವೇ ಅಜ್ಜಿ ಪ್ರೀತಿಯಿಂದ ಒಂದು ಲೋಟ ಹಾಲು ಹಾಕಿದರೆ ಮರುದಿನ ಭೇದಿ. ದೊಡ್ಡ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಮೊಸರು ಪರವಾಗಿಲ್ಲ. ಬೆಳೆದ ನಾಯಿ ಒಂದು ದಿನ ಉಣ್ಣದಿದ್ದರೆ ಗಾಬರಿ ಬೇಡ, ನೀರು ಕುಡಿಯುತ್ತಿದೆಯಾ ನೋಡಿ. ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 60 ಮಿಲಿ ಲೆಕ್ಕ. 15 ಕೆಜಿ ನಾಯಿಗೆ ಮುಕ್ಕಾಲು ಲೀಟರಿಗಿಂತ ಚೂರು ಹೆಚ್ಚು. ಉಣ್ಣದೆ ಎರಡು ದಿನ ದಾಟಿದರೆ ಡಾಕ್ಟರು. ಚಿಕ್ಕ ಮರಿಗೆ ಅಷ್ಟು ಕಾಯುವ ಹಾಗಿಲ್ಲ, ಅರ್ಧ ದಿನ ಉಪವಾಸವಿದ್ದರೇ ತೋರಿಸಬೇಕು.

ಮಲೆನಾಡಿನಲ್ಲಿ ಸಸ್ಯಾಹಾರಿ ಮನೆಗಳು ಜಾಸ್ತಿ. ಈ ಮಾತನ್ನು ದತ್ತು ಫಾರಂ ತುಂಬುವಾಗಲೇ ಸಂಕೋಚ ಬಿಟ್ಟು ಆಡಬೇಕು. ನಾಯಿಗೆ ಪೋಷಕಾಂಶ ಸರಿಯಾಗಿ ಹೊಂದಿಸಿದ ಸಸ್ಯಾಹಾರ ನಡೆಯುತ್ತದೆ, ಆದರೆ ಬರೀ ಮೊಸರನ್ನ ಹೊಂದಿಸಿದ ಆಹಾರವಲ್ಲ. ಬೆಕ್ಕಿಗಂತೂ ಟಾರಿನ್ ಅನ್ನುವ ಅಂಶ ಹೊರಗಿನಿಂದಲೇ ಸಿಗಬೇಕು, ಅದು ಸಿಗುವುದು ಮಾಂಸ ಮೀನಿನಲ್ಲಿ. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಒಳಗೆ ಬೇಯಿಸಲಿಕ್ಕಾಗದಿದ್ದರೆ ಪ್ಯಾಕೆಟ್ ಆಹಾರ, ಹಿತ್ತಿಲಲ್ಲಿ ಬೇರೆ ತಟ್ಟೆ. ಅದೂ ಆಗದ ಮನೆಗೆ ಬೆಕ್ಕು ಕೊಡದಿರುವುದೇ ಸರಿ ಅನ್ನುವುದು ಈ ಕೆಲಸ ಕಲಿಸಿದ ಕಠಿಣ ಪಾಠ.

ಗಲೀಜಿನ ದೂರು. ಶೆಲ್ಟರಿನ ನಾಯಿ ತಿಂಗಳುಗಟ್ಟಲೆ ಸಿಮೆಂಟ್ ನೆಲದ ಮೇಲೆ ಉಚ್ಚೆ ಹೊಯ್ದಿರುತ್ತದೆ. ಅದರ ಪಾದಕ್ಕೆ ನುಣುಪು ನೆಲ ಅಂದರೆ ಅದೇ ಜಾಗ. ನಿಮ್ಮ ರೆಡ್ ಆಕ್ಸೈಡ್ ನೆಲಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೊಡೆದರೆ ಕಲಿಯುವುದು ಒಂದೇ, ನಿಮ್ಮೆದುರು ಹೊಯ್ಯಬಾರದು ಅನ್ನುವುದು. ಆಮೇಲೆ ಮಂಚದ ಕೆಳಗೆ ಹೊಯ್ಯುತ್ತದೆ. ಎದ್ದ ಕೂಡಲೇ, ಉಂಡ ಹತ್ತು ಹದಿನೈದು ನಿಮಿಷಕ್ಕೆ, ಆಡಿದ ಮೇಲೆ, ಮಲಗುವ ಮುಂಚೆ ಹೊರಗೆ ಒಂದೇ ಜಾಗಕ್ಕೆ ಕರೆದೊಯ್ದು, ಅಲ್ಲೇ ಕೆಲಸ ಮುಗಿಸಿದ ಮೂರು ಸೆಕೆಂಡಿನೊಳಗೆ ತಿಂಡಿ ಕೊಡಿ. ಮಳೆಗಾಲದಲ್ಲಿ ಇದು ಕೈಕೊಡುತ್ತದೆ, ಧೋ ಅಂತ ಸುರಿಯುವಾಗ ಯಾವ ನಾಯಿಯೂ ಇಳಿಯುವುದಿಲ್ಲ. ಸೂರಿನ ಕೆಳಗೆ ಮೂರಡಿಗೆ ಮೂರಡಿ ಜಾಗದಲ್ಲಿ ಮಣ್ಣು ಹಾಕಿ, ಇರಚಲು ಹೊಡೆಯುವ ಕಡೆ ಸೋಗೆ ತಟ್ಟಿ ಕಟ್ಟಿದರೆ ಆಯಿತು. ಒಳಗೆ ಹೊಯ್ದದ್ದನ್ನು ಸೋಪಿನ ನೀರು, ಆಮೇಲೆ ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ. ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಬೇಡ, ಪಾದ ನೆಕ್ಕಿಕೊಂಡರೆ ಅದು ಬೆಕ್ಕಿಗೆ ವಿಷ.

ಈಗ ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ, ಮಲೆನಾಡಿನ ಮಟ್ಟಿಗೆ ದೊಡ್ಡ ಅಧ್ಯಾಯ. ಮೂರನೇ ವಾರ ನಾಯಿ ಮಂಕಾದರೆ "ಬೇಜಾರಾಗಿರಬೇಕು" ಅಂದುಕೊಳ್ಳಬೇಡಿ. ಉಣುಗಿನಿಂದ ಬರುವ ಎರ್ಲಿಕಿಯಾ ಜ್ವರ ಕಚ್ಚಿದ ಒಂದರಿಂದ ಮೂರು ವಾರಕ್ಕೆ ಕಾಣಿಸಿಕೊಳ್ಳುತ್ತದೆ, ಸರಿಯಾಗಿ ನಡವಳಿಕೆ ಬದಲಾಗುವ ಹೊತ್ತಿಗೇ. ಊಟ ಬಿಡುವುದು, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ, 102.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೈಬಿಸಿ ಕಂಡರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ತರಬಹುದು. ಜ್ವರಕ್ಕೆ ಅಂತ ಮನೆಯ ಪ್ಯಾರಾಸಿಟಮಾಲ್ ಮುರಿದು ಹಾಕಬೇಡಿ; 500 ಎಂಜಿಯ ಅರ್ಧ ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು.

ದಿನಾ ಸಂಜೆ ಐದು ನಿಮಿಷ ನಾಯಿಯ ಮೈಯಲ್ಲಿ ಉಣುಗನ್ನು ಬೆರಳಲ್ಲೇ ಹುಡುಕಿ, ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಕಿವಿಯ ಒಳಮಡಿಕೆ, ಬೆಲ್ಟಿನ ಕೆಳಗೆ, ಮುಂಗಾಲಿನ ಕಂಕುಳು, ಬೆರಳ ಸಂದಿ, ಬಾಲದ ಬುಡ. ಚಿಮುಟದಲ್ಲಿ ಚರ್ಮಕ್ಕೆ ತಾಗಿದ ಬಾಯಿಯ ಹತ್ತಿರ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ, ಊದುಬತ್ತಿ ಕಿಡಿ ಬೇಡ. ಹಿಂಸೆಗೆ ಉಣುಗು ಹೊಟ್ಟೆಯದ್ದನ್ನು ಗಾಯಕ್ಕೇ ಕಕ್ಕುತ್ತದೆ. ಕಿತ್ತದ್ದನ್ನು ಉಗುರಲ್ಲಿ ಕುಕ್ಕದೆ ಸ್ಪಿರಿಟ್ಟಿಗೆ ಹಾಕಿ. ಕೊಟ್ಟಿಗೆಯಲ್ಲಿ ದನಕ್ಕೆ ಹೊಡೆಯುವ ಔಷಧವನ್ನೇ ನಾಯಿಗೂ ಸವರುವ ರೂಢಿ ಇದೆ. ಅದರಲ್ಲಿರುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಬೆಕ್ಕಿನ ಮೈಗೆ ತಾಗಿದರೆ ನಡುಕ, ಸೆಳವು, ಸಾವು. ಸವರಿದ ನಾಯಿಯನ್ನು ಬೆಕ್ಕು ಒರಗಿಕೊಂಡು ಮಲಗಿದರೂ ಅಪಾಯವೇ. ಇನ್ನು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮಗೆಲ್ಲ ಗೊತ್ತಿರುವುದೇ. ಅದನ್ನು ಹರಡುವುದು ಕಾಡಿನ ಉಣುಗು. ಡಿಸೆಂಬರಿನಿಂದ ಮೇ ತನಕ ಹೊಸ ನಾಯಿಯನ್ನು ದರಗು (ಒಣ ಎಲೆ) ತರಲು ಹೋಗುವವರ ಜೊತೆ ಕಾಡಿಗೆ ಬಿಡದಿರುವುದು ನಾಯಿಗಿಂತ ಮನೆಯವರಿಗೆ ಒಳ್ಳೆಯದು. ಇಂಬಳ (ಜಿಗಣೆ) ಕಂಡರೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೆ.

ಅಡಿಕೆ ತೋಟದ ಮನೆಗಳಿಗೆ ಎರಡು ಮಾತು. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ಅಂಶ ಹಿಂದೆ ನಾಯಿಯ ಹೊಟ್ಟೆಹುಳಕ್ಕೆ ಭೇದಿ ಔಷಧವಾಗಿತ್ತು ಅಂದರೆ ಅದರ ತೀವ್ರತೆ ಊಹಿಸಿ. ಹಸಿ ಅಡಿಕೆ ಕಡಿದ ಮರಿಗೆ ಜೊಲ್ಲು, ವಾಂತಿ, ಭೇದಿ. ಸುಲಿಯುವ ಜಾಗ, ಅಡಿಕೆ ಬೇಯಿಸಿದ ಚೊಗರಿನ ಪಾತ್ರೆ ಎರಡರಿಂದಲೂ ದೂರ ಇಡಿ. ತೋಟಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಔಷಧ) ಹೊಡೆಯುವ ದಿನ ಡ್ರಮ್ಮಿಗೆ ಮುಚ್ಚಳ ಇರಲಿ, ಮೈಲುತುತ್ತಿನ ನೀರನ್ನು ನಾಯಿ ಕುಡಿಯುತ್ತದೆ. ಅಡಿಕೆ ಗೊನೆ ಕೊಯ್ಯುವ ದಿನ ನಸುಕಿಗೇ ಗುರುತಿಲ್ಲದ ನಾಲ್ಕಾರು ಜನ ಉದ್ದ ದೋಟಿ, ಕತ್ತಿ ಹಿಡಿದು ಬರುತ್ತಾರೆ. ಒಂದು ಕಾಲದಲ್ಲಿ ಕೋಲಿನೇಟು ತಿಂದ ನಾಯಿಗೆ ಅದು ನರಕ. ಬಂದು ಹೋಗುವ ತನಕ ಒಳಗಿನ ಕೋಣೆ, ಬಾಗಿಲಿಗೆ ಚಿಲಕ. ಮಂಗ ಓಡಿಸಲು ಸಿಡಿಸುವ ಪಟಾಕಿಗೂ ಇದೇ ಉಪಾಯ.

ಮನೆಯಲ್ಲಿ ಹಳೇ ನಾಯಿ ಇದ್ದರೆ ಪರಿಚಯ ಅಂಗಳದಲ್ಲಿ ಬೇಡ, ಅದು ಅದರ ರಾಜ್ಯ. ರಸ್ತೆಯಲ್ಲಿ ಹದಿನೈದು ಅಡಿ ಅಂತರದಲ್ಲಿ ಇಬ್ಬರು ಎರಡನ್ನೂ ಒಂದೇ ದಿಕ್ಕಿಗೆ ನಡೆಸಿ, ಎದುರುಬದುರಾಗಿ ಬೇಡ. ಮೂರು ನಾಲ್ಕು ದಿನ ಹೀಗೆ ನಡೆದ ಮೇಲೆ ಒಟ್ಟಿಗೆ ಒಳಗೆ. ಊಟದ ತಟ್ಟೆ ತಿಂಗಳುಗಟ್ಟಲೆ ಬೇರೆ ಕೋಣೆಯಲ್ಲೇ.

ಮರಿ ತರುವ ಮುಂಚೆ ಒಂದು ಪ್ರಶ್ನೆ: ಕಳೆದ ವರ್ಷ ಆ ಮನೆಯಲ್ಲಿ ರಕ್ತಭೇದಿಯಾಗಿ ಮರಿ ಸತ್ತಿದೆಯಾ? ಆ ರಕ್ತಭೇದಿ ತರುವ ಪಾರ್ವೋ ವೈರಸ್ ನೆರಳಿನ ತೇವದ ಮಣ್ಣಿನಲ್ಲಿ ವರ್ಷದ ತನಕವೂ ಉಳಿಯಬಲ್ಲದು, ಮಲೆನಾಡಿನ ಅಂಗಳ ಅದಕ್ಕೆ ಹೇಳಿ ಮಾಡಿಸಿದ್ದು. ನೆಲಕ್ಕೆ ಒಂದು ಭಾಗ ಬ್ಲೀಚಿಗೆ ಮೂವತ್ತು ಭಾಗ ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು ತೊಳೆದರೆ ಆಗುತ್ತದೆ. ಮಣ್ಣಿಗೆ ಅದು ನಾಟುವುದಿಲ್ಲ. ಅಂಥ ಮನೆಗೆ ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನೇ ಕೊಡಬೇಕು. ಮರಿಯ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ ಹದಿನಾರು ವಾರದ ತನಕ ಕಂತಿನಲ್ಲಿ. ರೇಬೀಸ್ ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೆ. ಗದ್ದೆ ಬಯಲಿನ ಮನೆಯಾದರೆ ಇಲಿಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ.

ಬೆಕ್ಕಿನದ್ದು ಬೇರೆಯೇ ಶಾಸ್ತ್ರ. ಒಂದೇ ಕೋಣೆ, ಅಟ್ಟದ ದಾರಿ ಮುಚ್ಚಿರಬೇಕು. ಅಟ್ಟ ಹತ್ತಿದ ಹೆದರಿದ ಬೆಕ್ಕು ಹಂಚಿನ ಸಂದಿಯಿಂದ ಹೊರಗೆ ಹೋದರೆ ಮುಗಿಯಿತು. ಅಡಗಲು ರಟ್ಟಿನ ಪೆಟ್ಟಿಗೆ, ಒಂದು ಮೂಲೆಗೆ ಮರಳಿನ ಟ್ರೇ, ಅದರ ಎದುರು ಮೂಲೆಗೆ ಊಟ. ಎರಡು ದಿನ ಏನೂ ತಿನ್ನದ ಬೆಕ್ಕಿನ ಲಿವರ್ ಕೆಡಲು ಶುರುವಾಗುತ್ತದೆ, ನಾಯಿಯಷ್ಟು ಕಾಯಬೇಡಿ. ಚಳಿಗೆ ಬಚ್ಚಲ ಒಲೆಯ ಬೂದಿಯಲ್ಲಿ ಹೋಗಿ ಮಲಗುವ ಚಟ ಬಹಳ ಬೆಕ್ಕಿಗೆ. ಬೆಳಿಗ್ಗೆ ಬೆಂಕಿ ಹಾಕುವ ಮುಂಚೆ ಒಳಗೆ ಕೈಯಾಡಿಸಿ ನೋಡಿ.

ತೊಂಬತ್ತನೇ ದಿನ ನಾವು ಕಡೆಯ ಫೋನು ಮಾಡುತ್ತೇವೆ. ಹೊಂದಿಕೊಂಡಿದೆಯಾ ಅಂತ ಕೇಳುವುದಿಲ್ಲ, ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ಎಲ್ಲಿ ಮಲಗುತ್ತೆ ಅಂತ ಕೇಳುತ್ತೇವೆ. ಗೋಡೆಗೆ ಬೆನ್ನು ಒತ್ತಿ, ಬಾಗಿಲು ಕಾಣುವ ಹಾಗೆ ಮೂಲೆಯಲ್ಲಿ ಅಂದರೆ ಇನ್ನೊಂದು ತಿಂಗಳಿಗೆ ಮತ್ತೆ ಮಾಡಬೇಕು ಅಂತ ಬರೆದಿಟ್ಟುಕೊಳ್ಳುತ್ತೇವೆ. "ಅಡುಗೆಮನೆ ಬಾಗಿಲಿಗೆ ಅಡ್ಡ, ನಾಲ್ಕೂ ಕಾಲು ಮೇಲೆ ಮಾಡ್ಕೊಂಡು. ದಾಟ್ಕೊಂಡೇ ಓಡಾಡ್ಬೇಕು ನಾವು" ಅಂತ ಗೊಣಗಿದರೆ ಆ ಫೈಲು ಮುಚ್ಚುತ್ತೇವೆ.