ಗೋವಾಗೆ ಸೈಕಲ್ ಹೊತ್ತುಕೊಂಡು ಹೋಗುವವರಿಗೆ

ಗೋವಾಗೆ ಹೋಗಿ ಬಂದೆ ಅಂದರೆ ಆಫೀಸಿನಲ್ಲಿ ಎಲ್ಲರೂ ಒಂಥರಾ ನಗುತ್ತಾರೆ. ನಾನು ಎರಡು ವರ್ಷ ಸತತ ಹೋದೆ, ಈಜು, ಸೈಕಲ್, ಓಟ ಮೂರೂ ಸೇರಿದ ಒಂದು ಸ್ಪರ್ಧೆಗೆ. ಎರಡು ಸಲವೂ ಶನಿವಾರ ರಾತ್ರಿ ಎಂಟೂವರೆಗೆ ಮಲಗಿದೆ, ಭಾನುವಾರ ಬೆಳಗಿನ ಜಾವ ಮೂರೂವರೆಗೆ ಎದ್ದು ಕತ್ತಲಲ್ಲಿ ಬಾಳೆಹಣ್ಣು ಸುಲಿದೆ. ಮೊದಲ ಸಲ ಸೋತು ಬಂದೆ. ಎರಡನೇ ಸಲ ಮುಗಿಸಿ ಬಂದೆ. ಎರಡರ ನಡುವೆ ನನ್ನ ಕಾಲಿನ ಶಕ್ತಿ ಹೇಳಿಕೊಳ್ಳುವಷ್ಟೇನೂ ಜಾಸ್ತಿ ಆಗಿರಲಿಲ್ಲ. ಬದಲಾದದ್ದು ಬೇರೆ ಕೆಲವು ಸಣ್ಣಪುಟ್ಟ ವಿಷಯಗಳು. ಈ ವರ್ಷ ಹೋಗುವ ಯೋಚನೆ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಪಣಜಿಯ ಮಿರಾಮಾರ್ ಬೀಚಿನಲ್ಲಿ 2019ರಲ್ಲಿ ಶುರುವಾದ ಐರನ್‌ಮ್ಯಾನ್ 70.3 ಟ್ರಯಥ್ಲಾನ್ ಇದು. 70.3 ಅನ್ನುವುದು ಮೈಲಿ ಲೆಕ್ಕ. ನಮ್ಮ ಲೆಕ್ಕದಲ್ಲಿ 113 ಕಿಲೋಮೀಟರ್. ಸಮುದ್ರದಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಅದಾದ ಮೇಲೆ 21.1 ಕಿ.ಮೀ. ಓಟ. ಒಂದೇ ದಿನ, ಒಂದರ ಹಿಂದೆ ಒಂದು. ನಮ್ಮ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಇದನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದ ಮೇಲೆ ನನ್ನ ಕೆಲಸ ಸ್ವಲ್ಪ ಹಗುರವಾಯಿತು. ಅದಕ್ಕೆ ಮೊದಲು ಪ್ರತಿಯೊಬ್ಬರಿಗೂ ವಿವರಿಸಬೇಕಿತ್ತು. ಈಗ "ಓ, ಅದಾ" ಅಂತಾರೆ.

ಆ 8 ಗಂಟೆ 27 ನಿಮಿಷವನ್ನು ಒಮ್ಮೆ ಗಮನಿಸಿ. ಒಟ್ಟು ಕೊಡುವ ಸಮಯ ಎಂಟೂವರೆ ಗಂಟೆ. ಇನ್ನು ಮೂರು ನಿಮಿಷ ತಡವಾಗಿದ್ದರೆ ಅಷ್ಟೇ. ನಮ್ಮಂಥವರು ಅಲ್ಲಿ ಬೇರೆಯವರ ಜೊತೆ ಸ್ಪರ್ಧೆ ಮಾಡುವುದಿಲ್ಲ, ಗಡಿಯಾರದ ಜೊತೆ ಮಾಡುತ್ತೇವೆ. ಅದೂ ಒಂದು ಗಡಿಯಾರ ಅಲ್ಲ, ಮೂರು. ಈಜು 1 ಗಂಟೆ 10 ನಿಮಿಷದೊಳಗೆ ಮುಗಿಯಬೇಕು. ನೀರಿಗಿಳಿದಾಗಿನಿಂದ ಐದೂವರೆ ಗಂಟೆಯೊಳಗೆ ಸೈಕಲ್ ಮುಗಿಯಬೇಕು. ಎಂಟೂವರೆ ಗಂಟೆಯೊಳಗೆ ಓಟ. ಎಷ್ಟೋ ಜನ ಕೊನೆಯದನ್ನು ಮಾತ್ರ ತಲೆಯಲ್ಲಿಟ್ಟುಕೊಂಡು ಬರುತ್ತಾರೆ. 2023ರ ಅಕ್ಟೋಬರಿನಲ್ಲಿ ನಾನೂ ಹಾಗೇ ಬಂದಿದ್ದೆ.

ಆವತ್ತು ಈಜು 58 ನಿಮಿಷಕ್ಕೆ ಮುಗಿದಿತ್ತು. ಖುಷಿಯಲ್ಲಿ ನಿಧಾನಕ್ಕೆ ಮೈ ಒರೆಸಿ, ಕಾಲಿನ ಮರಳು ತೊಳೆದು, ಸಾಕ್ಸ್ ಹಾಕಿ, ಯಾರ ಜೊತೆಗೋ ನಾಲ್ಕು ಮಾತಾಡಿ ಹೊರಡುವಾಗ 12 ನಿಮಿಷ ಹೋಗಿತ್ತು. ಬಟ್ಟೆ ಬದಲಾಯಿಸುವ ಆ ಜಾಗದಲ್ಲಿ ಕಳೆಯುವ ಸಮಯವನ್ನೂ ಗಡಿಯಾರ ಎಣಿಸುತ್ತದೆ ಅನ್ನುವುದು ಗೊತ್ತಿತ್ತು, ಆದರೆ ಮನಸ್ಸಿಗೆ ಇಳಿದಿರಲಿಲ್ಲ. ಸೈಕಲ್ಲಿಗೆ ಉಳಿದದ್ದು 4 ಗಂಟೆ 20 ನಿಮಿಷ. ಸಾಕಾಗಿತ್ತು. ಆದರೆ ನಲವತ್ತನೇ ಕಿಲೋಮೀಟರಿನ ಹತ್ತಿರ ಹಿಂದಿನ ಚಕ್ರ ಪಂಕ್ಚರ್. ಬ್ಯಾಗಿನಲ್ಲಿದ್ದ ಟ್ಯೂಬ್ ಹಾಕಿ ಗಾಳಿ ಹೊಡೆದರೆ ಅದರ ವಾಲ್ವ್ ಬುಡದಲ್ಲೇ ಹರಿದಿತ್ತು. ಎರಡು ವರ್ಷದಿಂದ ಸೀಟಿನ ಕೆಳಗೆ ಮಡಚಿಟ್ಟಿದ್ದ ಟ್ಯೂಬ್ ಅದು, ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಹಳೆಯದಕ್ಕೇ ಪ್ಯಾಚ್ ಹಾಕಿ ಮತ್ತೆ ಹತ್ತುವಾಗ ಮೂವತ್ತೈದು ನಿಮಿಷ ಕಳೆದಿತ್ತು.

ಒಂಬತ್ತು ನಿಮಿಷ ತಡವಾಗಿ ಬಂದೆ. ಒಬ್ಬ ಹುಡುಗಿ, ಇಪ್ಪತ್ತೋ ಇಪ್ಪತ್ತೊಂದೋ ಇರಬೇಕು, "ಸಾರಿ ಸರ್" ಅಂತ ಹೇಳಿ ಬಗ್ಗಿ ನನ್ನ ಎಡಗಾಲಿಗೆ ಕಟ್ಟಿದ್ದ, ಸಮಯ ಅಳೆಯುವ ಚಿಪ್ ಬಿಚ್ಚಿಕೊಂಡಳು. ಅವಳಿಗೇ ಜಾಸ್ತಿ ಬೇಜಾರಾದ ಹಾಗಿತ್ತು. ಕಾಲಿನಲ್ಲಿ ಓಡುವ ಶಕ್ತಿ ಇದೆ, ಓಡುವ ಹಾಗಿಲ್ಲ. ನಾನು ಹಾಗೇ ಹೋಗಿ ಬ್ಯಾರಿಕೇಡಿನ ಆಚೆ ಹೆಂಡತಿಯ ಪಕ್ಕ ನಿಂತು ಬೇರೆಯವರು ಓಡುವುದನ್ನು ನೋಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮಾರಾಯ್ರೆ, ಒಂದು ಟ್ಯೂಬಿಗೆ ಎಷ್ಟು ದುಡ್ಡು?" ಅಂತ ಕೇಳಿದಳು.

ಹಾಗಾಗಿ ಮೊದಲ ಸಲಹೆ ಅದೇ. ಎರಡು ಹೊಸ ಟ್ಯೂಬ್ ಇಟ್ಟುಕೊಳ್ಳಿ. ಮನೆಯಲ್ಲಿ ಗಾಳಿ ತುಂಬಿಸಿ ಒಂದು ರಾತ್ರಿ ಬಿಟ್ಟು ನೋಡಿ. ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಬದಲಾಯಿಸುವುದನ್ನು ಗಡಿಯಾರ ಇಟ್ಟುಕೊಂಡು ಐದಾರು ಸಲ ಮಾಡಿ. ಹೊರಗಿನವರ ಸಹಾಯ ಪಡೆಯುವಂತಿಲ್ಲ ಅನ್ನುವ ನಿಯಮ ಇದೆ. ಬ್ಯಾರಿಕೇಡಿನ ಆಚೆ ನಿಂತ ಗೆಳೆಯ ಪಂಪ್ ಎಸೆದರೆ ಅದೂ ತಪ್ಪೇ.

ಇನ್ನು ಪ್ರಯಾಣ. ವಿಮಾನದಲ್ಲಿ ಹೋದರೆ ಸೈಕಲ್ ಬಿಚ್ಚಿ ಪೆಟ್ಟಿಗೆಗೆ ತುಂಬಬೇಕು, ಅಲ್ಲಿ ಮತ್ತೆ ಜೋಡಿಸಬೇಕು. ದಾಬೋಲಿಂನಲ್ಲಿ ಇಳಿಯುತ್ತೀರೋ, ಮೋಪಾದ ಹೊಸ ವಿಮಾನ ನಿಲ್ದಾಣದಲ್ಲೋ ಅನ್ನುವುದನ್ನು ಟಿಕೆಟ್ ಮಾಡುವಾಗಲೇ ನೋಡಿ. ಹಿಂದಿನ ಗೇರ್ ಹಿಡಿದುಕೊಳ್ಳುವ ಪುಟ್ಟ ಅಲ್ಯುಮಿನಿಯಂ ಹ್ಯಾಂಗರ್ ಒಂದಿರುತ್ತದೆ. ಪೆಟ್ಟಿಗೆಗೆ ಪೆಟ್ಟು ಬಿದ್ದರೆ ಮೊದಲು ಬಾಗುವುದೇ ಅದು. ಸೈಕಲ್ ಮಾಡೆಲ್‌ಗೆ ತಕ್ಕಂತೆ ಅದರ ಆಕಾರ ಬೇರೆ, ಅವಸರಕ್ಕೆ ಸಿಗುವುದಿಲ್ಲ. ಒಂದು ಜಾಸ್ತಿ ತೆಗೆದಿಟ್ಟುಕೊಳ್ಳಿ.

ನನಗೆ ಕಾರೇ ಇಷ್ಟ. ಬೆಂಗಳೂರಿನಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟಿ ಇಳಿದು ಅಂಕೋಲಾ, ಕಾರವಾರ. ಹೆಚ್ಚುಕಮ್ಮಿ ಇಡೀ ದಿನದ ದಾರಿ. ಎರಡನೇ ಸಲ ಗುರುವಾರವೇ ಹೊರಟು ರಾತ್ರಿ ಕಾರವಾರದಲ್ಲಿ ಉಳಿದೆವು. ಉಳಿಯಲು ಕಾರಣ ಇದೆ. ಶುಕ್ರವಾರ ಬೆಳಿಗ್ಗೆ ಅಲ್ಲಿ ಅರ್ಧ ಗಂಟೆ ಸಮುದ್ರದಲ್ಲಿ ಈಜಿದರೆ ಮೈಗೆ ಉಪ್ಪು ನೀರಿನ ಪರಿಚಯ ಆಗುತ್ತದೆ. ಒಬ್ಬರೇ ಇಳಿಯಬೇಡಿ. ದಡದಲ್ಲಿ ಬಲೆ ಸರಿಮಾಡುತ್ತಾ ಕೂತ ಮೀನುಗಾರರನ್ನು ಕೇಳಿ, ಎಲ್ಲಿ ಸೆಳೆತ ಇದೆ ಅಂತ ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳುವುದಿಲ್ಲ. ದಡಕ್ಕೆ ಸಮಾನಾಂತರವಾಗಿ, ಹತ್ತಿರದಲ್ಲೇ ಈಜಿ. ಅಲ್ಲಿಂದ ಪಣಜಿ ನೂರು ಕಿಲೋಮೀಟರಿನಷ್ಟು ಅಷ್ಟೇ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿತ್ತಲ್ಲ, ಪಕ್ಕದ ಹೊಸ ಸೇತುವೆ ದಾಟುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ವಸತಿಯನ್ನು ಮಿರಾಮಾರ್, ಕಾಂಪಾಲ್ ಅಥವಾ ದೋನಾ ಪಾವ್ಲಾ ಕಡೆ, ನಡೆದು ಹೋಗುವಷ್ಟು ಹತ್ತಿರ ಮಾಡಿ. ರೇಸ್ ದಿನ ಬೆಳಿಗ್ಗೆ ಆ ರಸ್ತೆಗಳನ್ನು ಮುಚ್ಚುತ್ತಾರೆ. ಮೊದಲ ವರ್ಷ ನಾವು ಕಡಿಮೆ ಬಾಡಿಗೆ ಅಂತ ದೂರದ ಹೋಟೆಲ್ ಮಾಡಿದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ತಿಂಡಿ ಕೊಡುತ್ತೇವೆ ಅಂದಿದ್ದರು. ನಾಲ್ಕಕ್ಕೆ ರಿಸೆಪ್ಷನ್‌ನಲ್ಲಿ ಇದ್ದದ್ದು ಒಂದು ಬೆಕ್ಕು. ಮಾರನೇ ವರ್ಷ ಮನೆಯಿಂದಲೇ ಸಣ್ಣ ಎಲೆಕ್ಟ್ರಿಕ್ ಕೆಟಲ್, ತೆಳು ಅವಲಕ್ಕಿ, ಬೆಲ್ಲ, ಬಾಳೆಹಣ್ಣು ತಗೊಂಡು ಹೋದೆ. ಬಿಸಿನೀರು ಹಾಕಿ ಕಲಸಿದರೆ ಮುಗಿಯಿತು. ಅಷ್ಟು ಹೊತ್ತಿಗೆ ಹೊಟ್ಟೆ ಏನನ್ನೂ ಬೇಡ ಅನ್ನುತ್ತದೆ, ಆದರೂ ತಿನ್ನಬೇಕು.

ಶನಿವಾರ ಸೈಕಲ್ ಒಪ್ಪಿಸಿ ಬರಬೇಕು. ಅದು ರಾತ್ರಿಯಿಡೀ ಸ್ಟ್ಯಾಂಡಿನಲ್ಲೇ ಇರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಗಾಳಿ ಹಿಗ್ಗಿ ಟ್ಯೂಬ್ ಸಿಡಿಯಬಹುದು. ಅದಕ್ಕೇ ಸ್ವಲ್ಪ ಗಾಳಿ ಬಿಟ್ಟು ಇಡಿ, ಬೆಳಿಗ್ಗೆ ಹೋಗಿ ತುಂಬಿಸಿ. ನಿಮ್ಮ ಸೈಕಲ್ ಯಾವ ಸಾಲಿನಲ್ಲಿದೆ ಅಂತ ಬರಿಗಾಲಲ್ಲಿ ಒಮ್ಮೆ ನಡೆದು ನೋಡಿಕೊಳ್ಳಿ. ನೀರಿನಿಂದ ಎದ್ದು ಬಂದಾಗ ತಲೆ ತಿರುಗುತ್ತಿರುತ್ತದೆ, ಸಾವಿರ ಸೈಕಲ್ಲೂ ಒಂದೇ ಥರ ಕಾಣುತ್ತದೆ. ಹೆಲ್ಮೆಟ್ ಬೆಲ್ಟ್ ಹಾಕದೆ ಸೈಕಲ್ ಮುಟ್ಟಬೇಡಿ, ಅದು ನಿಯಮ. ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ. ಮುಂದಿನ ಸೈಕಲ್ಲಿನ ಮರೆಯಲ್ಲಿ ತುಳಿಯುವಂತಿಲ್ಲ, 12 ಮೀಟರ್ ಬಿಡಬೇಕು. ಇದೆಲ್ಲ ಹಿಂದಿನ ದಿನದ ಮೀಟಿಂಗ್‌ನಲ್ಲಿ ಹೇಳುತ್ತಾರೆ. ಸುಮ್ನೆ ಹೋಗಿ ಕೂತುಕೊಳ್ಳಿ. ಸೈಕಲ್ ದಾರಿ, ಸಮಯ ಎಲ್ಲ ಆ ವರ್ಷದ ಕೈಪಿಡಿಯಲ್ಲಿ ಇದ್ದದ್ದೇ ಸರಿ. ನನ್ನದನ್ನೂ ಸೇರಿಸಿ ಹಳಬರ ಮಾತನ್ನು ನಂಬಬೇಡಿ.

ಈಜಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೆದರಿಕೆ ಇರುವುದೇ ಅಲ್ಲಿ. ನಾನು ಈಜು ಕಲಿತದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, 25 ಮೀಟರ್ ಕೊಳದಲ್ಲಿ. 1.9 ಕಿ.ಮೀ. ಅಂದರೆ ಅಲ್ಲಿ 76 ಸಲ ಅತ್ತಿತ್ತ. ಕೊಳದ ತಳದಲ್ಲಿ ಕಪ್ಪು ಗೆರೆ ಇರುತ್ತದೆ, ಪ್ರತಿ 25 ಮೀಟರಿಗೆ ಗೋಡೆ ಸಿಗುತ್ತದೆ. ಮಿರಾಮಾರ್‌ನಲ್ಲಿ ಗೆರೆಯೂ ಇಲ್ಲ, ಗೋಡೆಯೂ ಇಲ್ಲ. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿ ಗೋವಾದಲ್ಲಿ ಮಾಂಡೋವಿಯಾಗಿ ಅಲ್ಲೇ ಹತ್ತಿರ ಸಮುದ್ರ ಸೇರುತ್ತಾಳೆ. ನೀರು ಮಣ್ಣಿನ ಬಣ್ಣ. ಚಾಚಿದ ಕೈ ನಮಗೇ ಕಾಣುವುದಿಲ್ಲ. ಆರೆಂಟು ಸಲ ಕೈ ಬೀಸಿದ ಮೇಲೊಮ್ಮೆ ತಲೆ ಎತ್ತಿ ದಾರಿ ಗುರುತಿಗೆ ನೀರಿನಲ್ಲಿ ತೇಲಿಬಿಟ್ಟ ದೊಡ್ಡ ಬಲೂನು ಎಲ್ಲಿದೆ ಅಂತ ನೋಡಿಕೊಳ್ಳಬೇಕು. ಇದನ್ನು ಕೊಳದಲ್ಲೇ ರೂಢಿ ಮಾಡಬಹುದು. ಇಲ್ಲದಿದ್ದರೆ ಅಡ್ಡಾದಿಡ್ಡಿ ಹೋಗಿ 1.9 ಇದ್ದದ್ದು 2.2 ಆಗುತ್ತದೆ. ಮೊದಲ ವರ್ಷ ನನಗೆ ಆಗಿದ್ದು ಅದೇ.

ಮೊದಲ ಇನ್ನೂರು ಮೀಟರ್ ಎದೆ ಹೊಡೆದುಕೊಳ್ಳುತ್ತದೆ. ಯಾರದೋ ಕಾಲು ಮುಖಕ್ಕೆ ತಾಗುತ್ತದೆ. ಆಗ ಅಂಗಾತ ಮಲಗಿ ಆಕಾಶ ನೋಡಿ. ಸಣ್ಣ ದೋಣಿಗಳಲ್ಲಿ ಕಾವಲಿಗೆ ಜನ ಇರುತ್ತಾರೆ. ದೋಣಿ ಹಿಡಿದು ಉಸಿರು ತಗೊಂಡರೆ ತಪ್ಪಿಲ್ಲ, ಅದರಿಂದ ಮುಂದೆ ಎಳೆಸಿಕೊಳ್ಳಬಾರದು ಅಷ್ಟೇ. ಉಪ್ಪು ನೀರಿಗೆ ಕಂಕುಳು, ಕುತ್ತಿಗೆ ಉಜ್ಜಿ ಉರಿಯುತ್ತದೆ. ಹೆಂಡತಿ ಹೇಳಿದ ಹಾಗೆ ತೆಂಗಿನೆಣ್ಣೆ ಹಚ್ಚಿಕೊಂಡೆ, ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಆ ಕೈಯಲ್ಲಿ ಗಾಗಲ್ಸ್ ಮುಟ್ಟಬೇಡಿ.

ಸೈಕಲ್ ದಾರಿಯಲ್ಲಿ ಏರಿಳಿತ ಇದೆ. ಬೆಟ್ಟ ಅಲ್ಲ, ದಿಬ್ಬಗಳು. ನಂದಿ ಬೆಟ್ಟ ಹತ್ತಿ ಬಂದೆ ಅನ್ನುವವರಿಗೆ ಅವು ಲೆಕ್ಕಕ್ಕಿಲ್ಲ ಅನ್ನಿಸಬಹುದು. ಆದರೆ ನಂದಿಯಲ್ಲಿ ಬೆಳಗಿನ ತಂಪು ಇರುತ್ತದೆ. ಇಲ್ಲಿ ಒಂಬತ್ತು ಗಂಟೆಗೇ ಬೆವರು ಒಣಗುವುದಿಲ್ಲ. ಬೆಂಗಳೂರಿನವರು ಸೋಲುವುದು ದಿಬ್ಬಕ್ಕಲ್ಲ, ಸೆಕೆಗೆ. ನಾನು ಎರಡನೇ ವರ್ಷ ಬೇಕೆಂದೇ ಮಧ್ಯಾಹ್ನ ಹನ್ನೊಂದರಿಂದ ಒಂದರವರೆಗೆ ಓಡಿ ಅಭ್ಯಾಸ ಮಾಡಿದೆ. ಅಕ್ಕಪಕ್ಕದವರು ಏನಂದುಕೊಂಡರೋ ಗೊತ್ತಿಲ್ಲ. ಬರಿ ನೀರು ಕುಡಿಯಬೇಡಿ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಹೊಟ್ಟೆ ತುಂಬ ಬರಿ ನೀರು ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ, ತಲೆಸುತ್ತು, ವಾಂತಿ ಶುರುವಾಗುತ್ತದೆ. ಓಆರ್‌ಎಸ್ ಪುಡಿ ಕಲಸಿದ ಬಾಟಲಿ ಒಂದು, ನೀರಿನದು ಒಂದು. ಅರ್ಧ ಗಂಟೆಗೊಮ್ಮೆ ಏನಾದರೂ ತಿನ್ನಬೇಕು. ಶಕ್ತಿಗೆ ಅಂತ ಹೀರುವ ಸಿಹಿ ಜೆಲ್ ನನಗೆ ಆಗಿಬರಲಿಲ್ಲ. ಖರ್ಜೂರ ಬೀಜ ತೆಗೆದು ಇಟ್ಟುಕೊಂಡಿದ್ದೆ. ಶೇಂಗಾ ಚಿಕ್ಕಿಯನ್ನು ಮಾತ್ರ ತಗೊಂಡು ಹೋಗಬೇಡಿ. ಬಾಯಿ ಒಣಗಿದಾಗ ಅಗಿಯಲಿಕ್ಕೂ ಆಗುವುದಿಲ್ಲ, ಉಗಿಯಲಿಕ್ಕೂ ಆಗುವುದಿಲ್ಲ.

ಓಟದ ಬಗ್ಗೆ ಹೇಳುವುದು ಕಡಿಮೆ. ಸಮುದ್ರದ ಪಕ್ಕದ ರಸ್ತೆ, ಬಿಸಿಲು, ಅದೇ ದಾರಿ ಮತ್ತೆ ಮತ್ತೆ. ನಾನು ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆದೆ. ಟೋಪಿಯೊಳಗೆ ಐಸ್ ತುಂಬಿಕೊಂಡೆ. 2024ರ ಅಕ್ಟೋಬರ್ 27 ಅದು, ದೀಪಾವಳಿಗೆ ನಾಲ್ಕೇ ದಿನ. ಪಣಜಿಯ ಗಲ್ಲಿಗಳಲ್ಲಿ ಹುಡುಗರು ಸುಡಲಿಕ್ಕೆ ನರಕಾಸುರನ ದೊಡ್ಡ ಬೊಂಬೆ ಕಟ್ಟುತ್ತಿದ್ದರು, ಹಿಂದಿನ ಸಂಜೆ ಒಂದಕ್ಕೆ ಇನ್ನೂ ತಲೆ ಇರಲಿಲ್ಲ. ಹದಿನೈದನೇ ಕಿಲೋಮೀಟರಿನಲ್ಲಿ ನನಗೂ ಹಾಗೇ ಅನ್ನಿಸಿತು. ಈಜು 52 ನಿಮಿಷ, ಸೈಕಲ್ 3 ಗಂಟೆ 52 ನಿಮಿಷ, ಓಟ 3 ಗಂಟೆ 2 ನಿಮಿಷ. ಬಟ್ಟೆ, ಶೂ ಬದಲಾಯಿಸಿದ್ದೆಲ್ಲ ಸೇರಿ 8 ಗಂಟೆ 1 ನಿಮಿಷ. ಆ ಒಂದು ನಿಮಿಷ ಈಗಲೂ ಚುಚ್ಚುತ್ತದೆ.

ಇಷ್ಟೆಲ್ಲ ಓದಿ ಕೂಡಲೇ ಹೆಸರು ನೋಂದಾಯಿಸಬೇಡಿ. ಶುಲ್ಕ ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ ಆಗಬಹುದು. ಮೊದಲು ಸ್ಪ್ರಿಂಟ್ ಟ್ರಯಥ್ಲಾನ್ ಒಂದು ಮಾಡಿ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಸೈಕಲ್ ಇಳಿದ ಕೂಡಲೇ ಓಡುವಾಗ ಕಾಲು ನಮ್ಮದಲ್ಲ ಅನ್ನಿಸುವುದಿದೆಯಲ್ಲ, ಅದು ಅಲ್ಲೇ ಗೊತ್ತಾಗಲಿ. ಬೆಂಗಳೂರಿನ 10ಕೆ, ಅಂದರೆ ಹತ್ತು ಕಿ.ಮೀ. ಓಟದ ದಿನ ನಡೆಯುವ ಮಜಾ ರನ್‌ನಂಥದಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ನನ್ನ ಊರು ಪುತ್ತೂರು ಕಡೆ. ಆಟಿ ತಿಂಗಳ ಕೆಸರುಗದ್ದೆ ಓಟದಲ್ಲಿ ಪ್ರತಿ ವರ್ಷ ಮಾವಂದಿರ ಕೈಯಲ್ಲಿ ಸೋತು ಬೆಳೆದವನು ನಾನು. ನಿಜ ಹೇಳಬೇಕೆಂದರೆ ಮಿರಾಮಾರ್‌ನ ಒದ್ದೆ ಮರಳಲ್ಲಿ ನೀರಿನಿಂದ ಎದ್ದು ಓಡುವಾಗ ನೆನಪಾದದ್ದು ಕೋಚ್ ಹೇಳಿದ ಮಾತಲ್ಲ, ಆ ಗದ್ದೆ. ಹಿಮ್ಮಡಿ ಊರಬೇಡ, ಮುಂಗಾಲಲ್ಲಿ ಹೋಗು ಅಂತ ಸೋದರಮಾವ ಬೊಬ್ಬೆ ಹೊಡೆಯುತ್ತಿದ್ದರು.

ಮುಗಿದ ಮೇಲೆ ಮೀನೂಟ, ಸೋಲ್ ಕಡಿ ಎಲ್ಲ ಧಾರಾಳವಾಗಿ ಮಾಡಿ. ಹಿಂದಿನ ರಾತ್ರಿ ಮಾತ್ರ ಬೇಡ, ಅನ್ನ ಮೊಸರು ಸಾಕು. ಭಾನುವಾರವೇ ಗಾಡಿ ಓಡಿಸಿಕೊಂಡು ವಾಪಸ್ ಹೊರಡಬೇಡಿ, ಬ್ರೇಕ್ ಒತ್ತುವಾಗ ತೊಡೆ ಹಿಡಿದುಕೊಳ್ಳುತ್ತದೆ. ಸೋಮವಾರ ಹೊರಡುವ ಮೊದಲು ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು ಚೈನಿಗೆ ಎಣ್ಣೆ ಹಾಕಿ. ಬೆವರು, ಕಡಲ ಗಾಳಿ ಎರಡೂ ಸೇರಿ ವಾರದೊಳಗೆ ತುಕ್ಕು ಹಿಡಿಯುತ್ತದೆ. ನಾನು ಮರೆತು ಹೊರಟಿದ್ದೆ. ಕಾರವಾರದ ಹತ್ತಿರ ಪೆಟ್ರೋಲ್ ಬಂಕ್‌ನಲ್ಲಿ ಬಕೆಟ್ ನೀರು ಕೇಳಿ ತೊಳೆಯುತ್ತಾ ಕೂತಾಗ ಬಂಕಿನ ಹುಡುಗ ಬಂದು ನನ್ನ ಕೊರಳಿನ ಪದಕ ನೋಡಿದ. ಅದನ್ನು ಇನ್ನೂ ತೆಗೆದಿರಲಿಲ್ಲ, ನಾಚಿಕೆಯೇನೂ ಇಲ್ಲ.

"ಗೋವಾದಿಂದ ಇಲ್ಲಿತನಕ ಇದರಲ್ಲೇ ತುಳ್ಕೊಂಡು ಬಂದ್ರಾ ಸರ್?"

ಇಲ್ಲಪ್ಪ, ಕಾರಲ್ಲಿ ಬಂದೆ ಅಂದೆ. ಅವನ ಮುಖ ಸಣ್ಣಗಾಯಿತು.