ರೂಬಾರ್ಬ್ ಹೊಲದಲ್ಲಿ ಫ್ರೆಂಚ್ ಸಿಪಾಯಿಯ ಗುಂಡಿ

ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವವರಿಗೆ ಚಿನ್ನ ಸಿಗುತ್ತೆ ಅಂತ ನಮ್ಮೂರಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಇಂಗ್ಲೆಂಡಿನ ಹೊಲಗಳಲ್ಲಿ ನಿಜವಾಗಿ ಸಿಗುವುದು ಸೀಸದ ಚೂರು, ಬಿಯರ್ ಕ್ಯಾನಿನ ರಿಂಗು, ಮುರಿದ ಲಾಳ, ಮತ್ತೆ ಗುಂಡಿ. ಕೋಟಿನ ಗುಂಡಿ, ಪ್ಯಾಂಟಿನ ಗುಂಡಿ, ಚಪ್ಪಟೆ ಗುಂಡಿ, ಉಬ್ಬು ಗುಂಡಿ. ಅವುಗಳ ನಡುವೆ ಸೈನ್ಯದ್ದೊಂದು ಸಿಕ್ಕಿದರೆ ನನಗೆ ಆ ದಿನ ಹಬ್ಬ. ಬೇರೆ ಗುಂಡಿಗಳನ್ನು ಎಷ್ಟು ತಿರುಗಿಸಿ ನೋಡಿದರೂ ಬಾಯಿ ಬಿಡಲ್ಲ. ಸೈನ್ಯದ ಗುಂಡಿ ತನ್ನ ವಯಸ್ಸನ್ನು ತಾನೇ ಹೇಳುತ್ತೆ.

ನಾನಿರುವುದು ಲೀಡ್ಸ್‌ನಲ್ಲಿ. ಈ ಹುಚ್ಚು ಹತ್ತಿಸಿದ್ದು ಪಕ್ಕದ ಮನೆಯ ಯಜಮಾನರು. ರಿಟೈರ್ ಆದಮೇಲೆ ಅವರಿಗೆ ಇದೇ ಕೆಲಸ. ಕಳೆದ ಚಳಿಗಾಲದ ಒಂದು ಭಾನುವಾರ ನನ್ನನ್ನು ರಾತ್‌ವೆಲ್ ಹತ್ತಿರದ ಒಂದು ಹೊಲಕ್ಕೆ ಕರೆದುಕೊಂಡು ಹೋದರು. ವೇಕ್‌ಫೀಲ್ಡ್, ಮಾರ್ಲಿ, ರಾತ್‌ವೆಲ್ ಊರುಗಳ ನಡುವಿನ ಈ ನೆಲಕ್ಕೆ ರೂಬಾರ್ಬ್ ತ್ರಿಕೋನ ಅಂತಲೇ ಹೆಸರು. ರೂಬಾರ್ಬ್ ಅಂದ್ರೆ ಕೆಂಪು ದಂಟಿನ ಹುಳಿ ಗಿಡ. ಎಲೆ ವಿಷ, ದಂಟನ್ನು ಮಾತ್ರ ಸಕ್ಕರೆ ಹಾಕಿ ಬೇಯಿಸಿ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಗೊಜ್ಜು ಮಾಡ್ತೀವಿ, ಚೆನ್ನಾಗೇ ಆಗುತ್ತೆ. ಇಲ್ಲಿನ ರೈತರು ಗಿಡವನ್ನು ಎರಡು ವರ್ಷ ಬಯಲಲ್ಲಿ ಬೆಳೆಸಿ, ಚಳಿ ತಾಗಿದ ಮೇಲೆ ಬೇರು ಸಮೇತ ಕಿತ್ತು ಕತ್ತಲೆ ಶೆಡ್ಡಿಗೆ ಸಾಗಿಸುತ್ತಾರೆ. ಅಲ್ಲಿ ಮೇಣದಬತ್ತಿ ಬೆಳಕಲ್ಲಿ ದಂಟು ಕೀಳುವುದು. ನಾವು ಹೋದಾಗ ಬೇರುಗಳೆಲ್ಲ ಶೆಡ್ಡು ಸೇರಿದ್ದವು, ಹೊಲ ಉತ್ತು ಬಿಟ್ಟಿದ್ದರು.

ಬೆಳಗ್ಗೆಯೆಲ್ಲ ಬರೀ ಮೊಳೆ. ಹನ್ನೊಂದರ ಸುಮಾರಿಗೆ ಹೆಡ್‌ಫೋನಿನಲ್ಲಿ ಒಂದು ಸ್ಪಷ್ಟ ಸದ್ದು ಬಂತು. ಒಂದು ಗೇಣು ಅಗೆದಿರಬಹುದು, ಹಸಿರು ಹಿಡಿದ ಬಿಲ್ಲೆಯೊಂದು ಮಣ್ಣಿನ ಹೆಂಟೆಯ ಜೊತೆ ಬಂತು. ಹೆಬ್ಬೆರಳಿಂದ ಉಜ್ಜಲು ಹೋದೆ.

"ಮುಟ್ಟಬೇಡಿ, ಮುಟ್ಟಬೇಡಿ!" ಅಂತ ಯಜಮಾನರು ಅಲ್ಲಿಂದಲೇ ಕೂಗಿದರು. ಮಣ್ಣಿನಲ್ಲಿ ಮರಳಿರುತ್ತೆ, ಉಜ್ಜಿದರೆ ಗೀರು ಬೀಳುತ್ತೆ, ಅಕ್ಷರ ಹೋಗುತ್ತೆ. ಅವರೇ ಬಂದು ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ನೇರ ಬೆಳಕಿಗೆ ಏನೂ ಕಾಣದಿದ್ದ ಕಡೆ ಎರಡು ಅಂಕೆ ಎದ್ದು ನಿಂತವು. 33.

ಬ್ರಿಟಿಷ್ ಸೈನ್ಯದ ಕಾಲಾಳು ದಳಗಳು ಗುಂಡಿಯ ಮೇಲೆ ತಮ್ಮ ಸಂಖ್ಯೆ ಹಾಕಬೇಕು ಅಂತ ಆಜ್ಞೆಯಾದದ್ದು 1767ರಲ್ಲಿ. ಹಾಗಾಗಿ ಸಂಖ್ಯೆ ಇದ್ದರೆ ಅದಕ್ಕಿಂತ ಹಳೆಯದಲ್ಲ. ಸಾಮಾನ್ಯ ಸಿಪಾಯಿಗಳ ಗುಂಡಿ 1855ರವರೆಗೆ ಪ್ಯೂಟರ್, ಅಂದರೆ ತವರ ಜಾಸ್ತಿ ಇರುವ ಮಿಶ್ರ ಲೋಹ. ಮಣ್ಣಲ್ಲಿ ಬಿದ್ದರೆ ಅದು ಬೂದಿ ಬಣ್ಣಕ್ಕೆ ತಿರುಗಿ ಉದುರತೊಡಗುತ್ತೆ. 1855ರಲ್ಲಿ ಹೊಸ ಸಮವಸ್ತ್ರದ ಜೊತೆ ಹಿತ್ತಾಳೆ ಬಂತು. 1871ರಲ್ಲಿ ಸಿಪಾಯಿಗಳ ಗುಂಡಿಯಿಂದ ಸಂಖ್ಯೆಯನ್ನೇ ತೆಗೆದು, ಎಲ್ಲರಿಗೂ ಸಿಂಹ ಮತ್ತು ಒಂಟಿಕೊಂಬಿನ ಕುದುರೆಯ ರಾಜಲಾಂಛನ ಹಾಕಿದರು. ಅಧಿಕಾರಿಗಳ ಗುಂಡಿಯಲ್ಲಿ ಸಂಖ್ಯೆ 1881ರವರೆಗೂ ಉಳಿಯಿತು, ಆದರೆ ಅವರದ್ದು ಚಿನ್ನದ ಲೇಪದ್ದು. ನನ್ನ ಕೈಯಲ್ಲಿದ್ದದ್ದು ಬರೀ ಹಿತ್ತಾಳೆ, ಜೊತೆಗೆ ಸಂಖ್ಯೆ. ಇನ್ನೇನು ಬೇಕು? 1855ರಿಂದ 1871. ಹದಿನಾರು ವರ್ಷದ ಕಿಟಕಿ. ನಾಣ್ಯದಲ್ಲಿ ಇಸವಿಯೇ ಇರುತ್ತೆ ನಿಜ, ಆದರೆ ಇಸವಿ ಇಲ್ಲದೇ ಇಷ್ಟು ಹತ್ತಿರ ಬರುವ ಮಜಾ ನಾಣ್ಯದಲ್ಲಿಲ್ಲ.

33ನೇ ದಳ ಈ ಸೀಮೆಯದ್ದೇ, ಯಾರ್ಕ್‌ಶೈರಿನ ವೆಸ್ಟ್ ರೈಡಿಂಗ್‌ನದು. ಊರ ಪಕ್ಕದ ಸಿಪಾಯಿ ಊರ ಪಕ್ಕದ ಹೊಲದಲ್ಲಿ ಗುಂಡಿ ಕಳೆದುಕೊಂಡ, ಕತೆ ಮುಗೀತು ಅಂದುಕೊಳ್ಳಬಹುದಿತ್ತು. ಮಧ್ಯಾಹ್ನ ಎರಡನೆಯದು ಸಿಗದೇ ಹೋಗಿದ್ದರೆ.

ಎರಡನೆಯದು ಸಿಕ್ಕಿದ್ದು ಅದೇ ಸಾಲಿನಲ್ಲಿ, ಸ್ವಲ್ಪ ಮುಂದೆ. ಮುಂಬದಿಯಲ್ಲಿ ಉರಿಯುವ ಗ್ರೆನೇಡಿನ ಚಿತ್ರ. ಗ್ರೆನೇಡನ್ನು ಬ್ರಿಟಿಷ್ ಸೈನ್ಯದ ಕೆಲವು ದಳಗಳೂ ಹಾಕುತ್ತಿದ್ದವು, ಅದರಿಂದ ಏನೂ ತೀರ್ಮಾನ ಆಗಲ್ಲ. ಗುಂಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಏನಂದ್ರೆ, ಮುಖಕ್ಕಿಂತ ಬೆನ್ನು ಜಾಸ್ತಿ ಮಾತಾಡುತ್ತೆ. ತಯಾರಕರ ಹೆಸರು ಇರುವುದು ಅಲ್ಲೇ. ಇಂಗ್ಲೆಂಡಿನ ಗುಂಡಿ ಆದರೆ ಫರ್ಮಿನ್, ಗಾಂಟ್, ಸ್ಮಿತ್ ಆಂಡ್ ರೈಟ್, ಹೀಗೆ ಲಂಡನ್ ಇಲ್ಲವೇ ಬರ್ಮಿಂಗ್‌ಹ್ಯಾಮ್‌ನ ಯಾವುದೋ ಹೆಸರು. ಕಂಪನಿಯ ಹೆಸರು, ವಿಳಾಸ ಬದಲಾದ ಹಾಗೆ ಬೆನ್ನಿನ ಅಕ್ಷರವೂ ಬದಲಾಗುತ್ತೆ, ಅದನ್ನು ಹಿಡಿದು ಕಾಲವನ್ನು ಇನ್ನೂ ಸಣ್ಣದು ಮಾಡಬಹುದು. ಇದರ ಬೆನ್ನಲ್ಲಿ ಹಲ್ಲುಕಡ್ಡಿಯಿಂದ ಮಣ್ಣು ಬಿಡಿಸಿದಾಗ ಕಂಡದ್ದು ಪ್ಯಾರಿಸ್.

ಫ್ರೆಂಚ್ ಕಾಲಾಳುಗಳ ಗುಂಡಿಯಲ್ಲೂ ಮೊದಲು ದಳದ ಸಂಖ್ಯೆ ಇರುತ್ತಿತ್ತು. 1870–71ರಲ್ಲಿ ಪ್ರಷ್ಯಾ ವಿರುದ್ಧ ಸೋತ ಮೇಲೆ ಅದು ಹೋಗಿ ಗ್ರೆನೇಡ್ ಬಂತು. ಸರಿ, ಕಾಲ ಸಿಕ್ಕಿತು. ಆದರೆ ಆ ಕಾಲದಲ್ಲಿ ಯಾವ ಫ್ರೆಂಚ್ ದಳ ಯಾರ್ಕ್‌ಶೈರಿಗೆ ಬಂದಿತ್ತು? ಯಾವುದೂ ಇಲ್ಲ.

ಯಜಮಾನರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ನಗುತ್ತಿದ್ದರು. "ಸೈನಿಕ ಬಂದಿಲ್ಲ. ಅವನ ಕೋಟು ಬಂದಿದೆ. ಗೊಬ್ಬರವಾಗಿ."

ಇಲ್ಲಿಂದ ಸ್ವಲ್ಪ ದೂರದಲ್ಲಿ ಬ್ಯಾಟ್ಲಿ, ಡ್ಯೂಸ್‌ಬರಿ ಅನ್ನೋ ಊರುಗಳಿವೆ. 1813ರ ಸುಮಾರಿಗೆ ಬ್ಯಾಟ್ಲಿಯ ಬೆಂಜಮಿನ್ ಲಾ ಎಂಬಾತ ಹಳೇ ಉಣ್ಣೆ ಬಟ್ಟೆಯನ್ನು ಸಿಗಿದು ಮತ್ತೆ ನೂಲು ಮಾಡುವ ದಾರಿ ಕಂಡುಹಿಡಿದ. ಆ ಉಣ್ಣೆಗೆ ಶಾಡಿ ಅಂತ ಹೆಸರು. ಮುಂದೆ ಇದು ಎಷ್ಟು ಬೆಳೆಯಿತು ಅಂದರೆ ಯುರೋಪಿನ ಎಲ್ಲ ಕಡೆಯಿಂದ ಚಿಂದಿ ಇಲ್ಲಿಗೆ ಬಂದು ಬೀಳುತ್ತಿತ್ತು. ಸೈನ್ಯದವರು ಬಿಸಾಕಿದ ಸಮವಸ್ತ್ರವೂ ಅದರಲ್ಲೇ. ಅಮೆರಿಕದ ಅಂತರ್ಯುದ್ಧ, ಫ್ರಾನ್ಸ್–ಪ್ರಷ್ಯಾ ಯುದ್ಧಗಳಿಗೆ ಇಲ್ಲಿಂದಲೇ ಬಟ್ಟೆಯೂ ಹೋಯಿತು. ಒಂದು ಸೈನ್ಯದ ಹರಕಲು ಕೋಟು ಇನ್ನೊಂದು ಸೈನ್ಯದ ಹೊಸ ಕೋಟಾಗಿ ಹೊರಡುತ್ತಿತ್ತು! ಚಿಂದಿಯನ್ನು ಯಂತ್ರಕ್ಕೆ ಹಾಕುವ ಮೊದಲು ಹೆಂಗಸರು ಕೂತು ಹೊಲಿಗೆ ಬಿಚ್ಚಿ, ಗುಂಡಿ ಕತ್ತರಿಸಿ, ಬಣ್ಣ ನೋಡಿ ಬೇರೆ ಮಾಡಬೇಕಿತ್ತು. ನೂಲಿಗೆ ಬಾರದ ಕಸ, ಧೂಳು ರೈತರಿಗೆ ಮಾರಾಟ. ಉಣ್ಣೆಯಲ್ಲಿ ಸಾರಜನಕ ಇದೆ, ನಿಧಾನಕ್ಕೆ ಕೊಳೆತು ಬಿಡುಗಡೆ ಆಗುತ್ತೆ. ರೂಬಾರ್ಬಿಗೆ ಅದೇ ಬೇಕು. ಕೆಂಟ್ ಕಡೆಯ, ಬಿಯರಿಗೆ ಹಾಕುವ ಹಾಪ್ಸ್ ತೋಟಗಳಿಗೂ ಗಾಡಿಗಟ್ಟಲೆ ಹೋಗುತ್ತಿತ್ತಂತೆ. ನಮ್ಮ ಕಡೆ ಹೊಲದಲ್ಲಿ ರಾತ್ರಿ ಕುರಿಮಂದೆ ಕೂರಿಸುವುದಿಲ್ಲವಾ, ಹಾಗೆ. ಇಲ್ಲಿ ಕುರಿಯ ಬದಲು ಕುರಿಯ ಕೋಟನ್ನೇ ಕೂರಿಸಿದ್ದರು. ಆ ಕಸದಲ್ಲಿ ಕಣ್ತಪ್ಪಿದ ಗುಂಡಿಗಳು ಹೊಲ ಸೇರಿದವು.

ಅಲ್ಲಿಗೆ ನನ್ನ 33ರ ಕತೆಯೂ ಬದಲಾಯಿತು. ಅದೂ ಇದೇ ಗಾಡಿಯಲ್ಲಿ ಬಂದಿರಬೇಕು. ಗುಂಡಿ ತಾನು ಯಾವಾಗ ಹುಟ್ಟಿದೆ, ಯಾರ ಎದೆ ಮೇಲಿದ್ದೆ ಅಂತ ಹೇಳುತ್ತೆ. ಈ ಮಣ್ಣಿಗೆ ಹೇಗೆ ಬಂದೆ ಅಂತ ಹೇಳಲ್ಲ. ಅದನ್ನು ಹೊಲವನ್ನೇ ಕೇಳಬೇಕು.

ಮನೆಗೆ ಬಂದು ಡಿಸ್ಟಿಲ್ಡ್ ವಾಟರಿನಲ್ಲಿ ಎರಡನ್ನೂ ನೆನೆಸಿಟ್ಟೆ. ಹೆಂಡತಿ ನೋಡಿ, "ಹಿತ್ತಾಳೆ ಅಲ್ವಾ, ಕೊಡಿ ಇಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಥಳಥಳ ಅನ್ನುತ್ತೆ" ಅಂದಳು. ದೇವರ ದೀಪಕ್ಕೆ ಸರಿ, ಇದಕ್ಕಲ್ಲ. ಹುಳಿ ಆ ಹಸಿರು ಪದರದ ಜೊತೆ ಸಣ್ಣ ಗೆರೆಗಳನ್ನೂ ತಿಂದುಬಿಡುತ್ತೆ. ಬೇರೆಯವರು ಹುಳಿಯಲ್ಲಿ ತೊಳೆದ ಗುಂಡಿಗಳನ್ನು ನೋಡಿದ್ದೀನಿ. ಹೊಳೀತಾವೆ, ಓದಲಿಕ್ಕಾಗಲ್ಲ.

ಸಂಜೆ ಪಾಂಡವಪುರಕ್ಕೆ ಫೋನ್ ಮಾಡಿದೆ. ಅಪ್ಪ ಹೈಸ್ಕೂಲು ಮೇಷ್ಟ್ರಾಗಿದ್ದವರು. 33 ಅಂದಿದ್ದೇ ತಡ, ನೆಟ್ಟಗೆ ಕೂತರು.

"ವೆಲ್ಲೆಸ್ಲಿದಲ್ವೇನಪ್ಪ ಆ ದಳ? ಸುಲ್ತಾನಪೇಟೆ ತೋಪಲ್ಲಿ ರಾತ್ರಿ ದಾರಿ ತಪ್ಪಿ ಒದೆ ತಿಂದ್ರಲ್ಲ! ಟಿಪ್ಪು ಕಾಲದ್ದಾ ಹಂಗಾದ್ರೆ?"

"ಇಲ್ಲ ಅಪ್ಪಾಜಿ, ಹಿತ್ತಾಳೆದು. 1799ರದ್ದಾಗಿದ್ರೆ ಪ್ಯೂಟರ್ ಇರಬೇಕಿತ್ತು."

ದಳ ಮಾತ್ರ ಅದೇ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ತೋಪಿನಲ್ಲಿ ಕತ್ತಲೆಗೆ ಸಿಕ್ಕಿ ಚದುರಿಹೋದದ್ದು ಇಂಗ್ಲಿಷ್ ಅಧಿಕಾರಿ ವೆಲ್ಲೆಸ್ಲಿ ನಡೆಸುತ್ತಿದ್ದ ಇದೇ 33. ಅವನು ವೆಲ್ಲಿಂಗ್ಟನ್ ಡ್ಯೂಕ್ ಆಗಿ ಸತ್ತ ಮಾರನೇ ವರ್ಷ, 1853ರಲ್ಲಿ, ದಳಕ್ಕೆ ಅವನ ಹೆಸರನ್ನೇ ಇಟ್ಟರು. ನನ್ನ ಗುಂಡಿ ಹಾಕಿದ್ದವನು ಟಿಪ್ಪುವಿನ ಹೆಸರನ್ನು ಹಿರಿಯ ಸಿಪಾಯಿಗಳ ಬಾಯಲ್ಲಿ ಕೇಳಿದ್ದರೆ ಹೆಚ್ಚು.

ಅಪ್ಪನಿಗೆ ನಿರಾಸೆ ಆಯ್ತು. ಫ್ರೆಂಚ್ ಗುಂಡಿ ವಿಷಯ ಹೇಳಿದ ಮೇಲೆ ಮತ್ತೆ ಕಳೆ ಬಂತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದಕ್ಕೆ ಪಾಂಡವಪುರಕ್ಕೆ ಇಂಗ್ಲಿಷರು ಫ್ರೆಂಚ್ ರಾಕ್ಸ್ ಅಂತಿದ್ದರು. "ಫ್ರೆಂಚ್ ರಾಕ್ಸ್ ಹುಡುಗನಿಗೆ ಇಂಗ್ಲೆಂಡಲ್ಲಿ ಫ್ರೆಂಚ್ ಗುಂಡಿ! ಆ ಮಿಷನ್ನು ಇಲ್ಲಿಗೊಂದ್ಸಾರಿ ತಗಂಬಾರಪ್ಪ" ಅಂದರು.

ಅದು ಆಗದ ಮಾತು. ಅಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ಮಣ್ಣಲ್ಲಿ ನಿಧಿ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕು. ಕೋಟೆಯ ಆಸುಪಾಸಿನ ಸಂರಕ್ಷಿತ ಜಾಗದಲ್ಲಿ ಅಗೆಯೋದಂತೂ ಅಪರಾಧ. ಇಲ್ಲೂ ರೈತನ ಒಪ್ಪಿಗೆ ಇಲ್ಲದೆ ಕಾಲಿಡುವಂತಿಲ್ಲ. ಸಿಕ್ಕಿದ ಹಿತ್ತಾಳೆ ಗುಂಡಿ ನಿಧಿ ಅನ್ನಿಸಿಕೊಳ್ಳದಿದ್ದರೂ ಅದು ಹೊಲದವನದ್ದೇ.

ಬಟ್ಟೆ ಸಿಗಿಯುವ ಕಸುಬು ಬ್ಯಾಟ್ಲಿ ಬಿಟ್ಟು ಈಗ ಹರಿಯಾಣದ ಪಾಣಿಪತ್ ಸೇರಿದೆ. ಅಲ್ಲೂ ಹೆಂಗಸರೇ ಕೂತು ವಿದೇಶದ ಸ್ವೆಟರು, ಕೋಟುಗಳಿಂದ ಜಿಪ್ಪು, ಗುಂಡಿ ಕತ್ತರಿಸುತ್ತಾರೆ.

ಮರುವಾರ ರೈತನಿಗೆ ಎರಡನ್ನೂ ತೋರಿಸಿದೆವು. ಫ್ರೆಂಚ್ ಗುಂಡಿಯನ್ನು ತಾನಿಟ್ಟುಕೊಂಡು 33 ನನಗೆ ಕೊಟ್ಟ. ಆ ಹೊಲಕ್ಕೆ ಮತ್ತೆ ಬೇರು ನೆಡ್ತಾರಂತೆ, ಎರಡು ವರ್ಷ ಒಳಗೆ ಹೋಗೋ ಹಾಗಿಲ್ಲ. ರಸ್ತೆಯ ಆಚೆಗಿನ ಹೊಲ ಈ ನವೆಂಬರಿನಲ್ಲಿ ಖಾಲಿಯಾಗುತ್ತೆ. ಅದಕ್ಕೆ ಈಗಲೇ ಒಪ್ಪಿಗೆ ಕೇಳಿಟ್ಟಿದ್ದೀವಿ.