"ಕುಡಿದ್ರೆ ಕುಡೀಲಿ, ಗಾಂಜಾ ಒಂದು ಬೇಡ" ಅನ್ನೋ ಅಪ್ಪ ಅಮ್ಮಂದಿರಿಗೆ

ನನ್ನದು ವ್ಯಸನಮುಕ್ತಿ ಕೇಂದ್ರದಲ್ಲಿ ಕೌನ್ಸೆಲಿಂಗ್ ಕೆಲಸ ಅಂತ ಗೊತ್ತಾದ ಕೂಡ್ಲೇ ಮದುವೆ ಮನೇಲಿ, ಬಸ್ಸಲ್ಲಿ, ವಾಟ್ಸಾಪಲ್ಲಿ ಜನ ಕೇಳೋದು ಒಂದೇ ಪ್ರಶ್ನೆ, "ಸಾರ್, ಹುಡುಗ್ರು ಬಿಯರ್ ಗಿಯರ್ ಕುಡಿದ್ರೆ ಹೋಗ್ಲಿ, ಗಾಂಜಾ ಮಾತ್ರ ಮುಟ್ಟಬಾರ್ದು ಅಲ್ವಾ?" ಕೇಳೋರು ಉತ್ತರ ಜೇಬಲ್ಲಿ ಇಟ್ಕೊಂಡೇ ಬಂದಿರ್ತಾರೆ, ನಾನು ಹೂಂ ಅಂದ್ರೆ ಸಾಕು ಅವರಿಗೆ. ಇದನ್ನೇ ಮಕ್ಕಳು ಉಲ್ಟಾ ಕೇಳ್ತಾರೆ, "ಅಪ್ಪ ದಿನಾ ಕ್ವಾರ್ಟರ್ ಏರಿಸ್ಕೊಂಡು ಬರ್ತಾರೆ, ಯಾರೂ ತುಟಿ ಬಿಚ್ಚಲ್ಲ, ನಾನು ಯಾವಾಗ್ಲೋ ಒಂದ್ಸಲ ಸೇದಿದ್ದಕ್ಕೆ ಮನೇಲಿ ಸೂತಕ, ಇದ್ಯಾವ ನ್ಯಾಯ ಸಾರ್?" ಇಬ್ಬರಿಗೂ ಸೇರಿಸಿ ಬರೀತಿದೀನಿ.

ನಂಗನ್ಸೋದು ಇಷ್ಟು: ಮನೆಯವರು ಇವೆರಡನ್ನ ತೂಗೋವಾಗ ಎಷ್ಟು ಹಾನಿ ಅಂತ ಲೆಕ್ಕ ಹಾಕೋದೇ ಇಲ್ಲ, ಆ ಹಾನಿ ಯಾರ ಪಾಲಿಗೆ ಬರುತ್ತೆ ಅಂತ ನೋಡ್ತಾರೆ. ಕುಡಿತದ ಪಾಲು ಹೆಂಡ್ತಿಗೆ ಬೀಳುತ್ತೆ, ಬಾಗಿಲು ಹಾಕ್ಕೊಂಡ್ರೆ ಮುಗೀತು. ಗಾಂಜಾ ಅಂದ್ರೆ ಪೊಲೀಸ್ ಸ್ಟೇಷನ್, ಪೇಪರ್, ಸಂಬಂಧಿಕರ ಬಾಯಿ, ಅಂದ್ರೆ ಅದ್ರ ಪಾಲು ಇಡೀ ಮನೆತನಕ್ಕೆ. ಹೆಣ್ಣು ಕೊಡೋ ಮಾತುಕತೆ ನೋಡಿ, "ಹುಡುಗ ಪಾರ್ಟೀಲಿ ಯಾವಾಗಾದ್ರೂ ತಗೋತಾನೆ, ಈಗಿನ ಕಾಲದಲ್ಲಿ ಯಾರು ತಗೊಳಲ್ಲ ಹೇಳಿ" ಅಂತ ಹುಡುಗನ ಸೋದರಮಾವನೇ ನಗ್ತಾ ಹೇಳ್ತಾರೆ, ಹುಡುಗಿ ಕಡೆಯವರೂ ನಗ್ತಾರೆ. ಅದೇ ಮಾವ ಗಾಂಜಾ ಅನ್ನೋ ಪದ ಎತ್ತಿದ್ರೆ ಹುಡುಗಿ ಕಡೆಯವರು ಕಾಫಿ ಲೋಟ ಅಲ್ಲೇ ಇಟ್ಟು ಎದ್ದು ಹೋಗ್ತಾರೆ.

ಹಾಗಂತ ಗಾಂಜಾ ನಮ್ಮ ಸಮಾಜಕ್ಕೆ ಹೊಸದಾ? ಯಾದಗಿರಿ ಜಿಲ್ಲೆ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದನ್ನ ಪ್ರಸಾದ ಅಂತ ಸೇದೋ ಭಕ್ತರ ಬಗ್ಗೆ 2020ರಲ್ಲಿ ಸಿನಿಮಾದವರ ಡ್ರಗ್ಸ್ ಕೇಸ್ ಗಲಾಟೆ ನಡೀತಿದ್ದಾಗ್ಲೇ ಸುದ್ದಿ ಬಂತು. ಅವಧೂತರು, ಸಾಧುಗಳು ಚಿಲುಮೆ ಹಿಡಿದ್ರೆ ಜನ ಕಾಲಿಗೆ ಬೀಳ್ತಾರೆ. ಮಲೆನಾಡು ಕಡೆ ಹಳಬರನ್ನ ಕೇಳಿ, ಭಂಗಿ ಸೊಪ್ಪು, ಅಂದ್ರೆ ಗಾಂಜಾ ಗಿಡದ ಎಲೆ, ದನಕ್ಕೆ ಔಷಧಿಗೂ ಆಗ್ತಿತ್ತು, ಪಾನಕಕ್ಕೂ ಬೀಳ್ತಿತ್ತು. ಬ್ರಿಟಿಷರು 1893-94ರಲ್ಲಿ ಇದಕ್ಕಂತಲೇ ಒಂದು ಆಯೋಗ ಮಾಡಿ ದೇಶ ಎಲ್ಲಾ ತಿರುಗಿಸಿದ್ರು, ಮಿತವಾಗಿ ಬಳಸೋರಿಗೆ ಅಂಥ ಕೇಡೇನೂ ಕಾಣಲ್ಲ, ಪೂರ್ತಿ ನಿಷೇಧ ಬೇಡ ಅಂತ ಆಯೋಗ ಬರೀತು. ಆಮೇಲೆ ಮಾದಕ ವಸ್ತುಗಳ ಬಗ್ಗೆ 1961ರ ಅಂತಾರಾಷ್ಟ್ರೀಯ ಒಪ್ಪಂದ ಬಂತು, ಅದ್ರ ಬಾಲ ಹಿಡ್ಕೊಂಡು 1985ರಲ್ಲಿ ನಮ್ಮ ಮಾದಕ ವಸ್ತು ತಡೆ ಕಾನೂನು, ಎನ್‌ಡಿಪಿಎಸ್ ಕಾಯ್ದೆ ಬಂತು. ತಮಾಷೆ ಅಂದ್ರೆ ಆ ಕಾಯ್ದೆಯ ಗಾಂಜಾ ಅಂದ್ರೆ ಹೂವು, ಕಾಯಿ ಇರೋ ತುದಿ, ಬರೀ ಎಲೆ ಅದ್ರೊಳಗೆ ಬರಲ್ಲ, ಅದಕ್ಕೇ 2022ರಲ್ಲಿ ನಮ್ಮ ಹೈಕೋರ್ಟ್ ಭಾಂಗ್ (ಆ ಎಲೆಯಿಂದ ಮಾಡೋದು) ಕೇಸಲ್ಲಿ ಒಬ್ಬರಿಗೆ ಜಾಮೀನು ಕೊಟ್ಟಿದ್ದು. ಇದನ್ನ ಓದಿ ಹುಡುಗ್ರು ಖುಷಿ ಪಡಬೇಡಿ, ಸಿಗರೇಟಿಗೆ ತುಂಬ್ಕೊಂಡು ನೀವು ಸೇದೋದು ಎಲೆ ಅಲ್ಲ.

ಎಣ್ಣೆ ಕಥೆ ಬೇರೆ. ಸಂವಿಧಾನದ 47ನೇ ವಿಧಿ ಮದ್ಯಪಾನ ನಿಲ್ಲಿಸೋಕೆ ಸರ್ಕಾರ ಪ್ರಯತ್ನ ಮಾಡಬೇಕು ಅನ್ನುತ್ತೆ, ಅದೇ ಸರ್ಕಾರದ ಕಂಪನಿ ಎಂಎಸ್‌ಐಎಲ್ ಬೋರ್ಡ್ ಹಾಕ್ಕೊಂಡು ಊರೂರಲ್ಲಿ ಬಾಟ್ಲಿ ಮಾರುತ್ತೆ. 2007ರ ಜುಲೈನಲ್ಲಿ ಸಾರಾಯಿ ಬಂದ್ ಆಯ್ತು, ಕೂಲಿ ಮಾಡೋನು ಪ್ಯಾಕೆಟ್ ಬಿಟ್ಟು ಬ್ರಾಂಡಿ, ವಿಸ್ಕಿಗೆ ಹೋದ, ಮನೆಗೆ ಬರೋ ದುಡ್ಡು ಇನ್ನೂ ಕಮ್ಮಿ ಆಯ್ತು. ಸರ್ಕಾರ 2025-26ರ ಬಜೆಟ್ಟಲ್ಲಿ ಅಬಕಾರಿಯಿಂದ ಇಟ್ಕೊಂಡ ಗುರಿ 40,000 ಕೋಟಿ ರೂಪಾಯಿ. ಸರ್ಕಾರಾನೇ ನೆಚ್ಚಿಕೊಂಡಿರೋದನ್ನ ಮನೇಲಿ ಯಾರು ತಪ್ಪು ಅಂತಾರೆ ಹೇಳಿ. (ಕೊಡಗಲ್ಲಿ ಸಮಾರಂಭ ಅಂದ್ರೆ ಹಿರಿಯರೂ ಜೊತೆಗೆ ಕೂತು ಕುಡೀತಾರೆ, ಕರಾವಳೀಲಿ ದೈವಕ್ಕೆ ಕಳ್ಳು ಇಡ್ತಾರೆ, ಆ ಲೆಕ್ಕ ಬೇರೆ, ನಾನು ಹೇಳ್ತಿರೋದು ಸಂಜೆ ಆದ್ರೆ ಕೈ ನಡುಗೋರ ಮನೆ ಬಗ್ಗೆ.)

ಹಾನಿ ಲೆಕ್ಕಕ್ಕೆ ಬನ್ನಿ. ಕೇಂದ್ರ ಸರ್ಕಾರಕ್ಕೋಸ್ಕರ ದೆಹಲಿಯ ಏಮ್ಸ್ ಆಸ್ಪತ್ರೆ ಮಾಡಿ 2019ರಲ್ಲಿ ಹೊರಬಂದ ಸರ್ವೇ ಪ್ರಕಾರ ದೇಶದಲ್ಲಿ ಕುಡಿತದಿಂದ ತೊಂದರೆಗೆ ಬಿದ್ದು ಸಹಾಯ ಬೇಕಾದವರು 5.7 ಕೋಟಿ, ಗಾಂಜಾ ಭಾಂಗ್ ಎಲ್ಲಾ ಸೇರಿ 72 ಲಕ್ಷ. ಕುಡಿಯೋರೇ ಜಾಸ್ತಿ ಇದಾರೆ ಅನ್ನೋದೂ ಇದ್ರಲ್ಲಿ ಸೇರಿದೆ ಒಪ್ತೀನಿ, ಆದ್ರೆ ಲಿವರ್ ಹೋಗೋದು, ಬೈಕ್ ಆಕ್ಸಿಡೆಂಟು, ಹೆಂಡ್ತಿಗೆ ಹೊಡೆಯೋದು, ತಾಳಿ ಅಡ ಇಡೋದು ಇವೆಲ್ಲಾ ಯಾವ ಖಾತೆಗೆ ಜಾಸ್ತಿ ಅಂತ ಯಾವ ಹೆಣ್ಮಗಳನ್ನ ಬೇಕಾದ್ರೂ ಕೇಳಿ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡು ಬಂದಿದ್ದು ಮದ್ಯ ನಿಷೇಧ ಮಾಡಿ ಅಂತ. ಈ ವಿಷಯದಲ್ಲಿ ಮನೆಯ ಅಭಿಪ್ರಾಯ ಅಂತ ನಾವು ಹೇಳೋದು ಗಂಡಸರ ಅಭಿಪ್ರಾಯ ಅಷ್ಟೇ. ನಮ್ಮ ಸೆಂಟರಲ್ಲೂ ಅಪ್ಪ ಮಾತಾಡ್ತಾನೇ ಇರ್ತಾರೆ, ಮಗನ ಗಾಂಜಾ ಬಗ್ಗೆ, ಬಾಯಲ್ಲಿ ನಿನ್ನೆ ರಾತ್ರಿಯ ವಾಸನೆ ಇಟ್ಕೊಂಡು, ಅಮ್ಮ ಪಕ್ಕದಲ್ಲಿ ಕೂತು ಸೆರಗು ಸುತ್ತುತಾ ಇರ್ತಾರೆ, ಅವರನ್ನ ಒಬ್ಬರನ್ನೇ ಕರೆದು ಕೂರಿಸಿದ್ರೆ ಮಾತು ಎಲ್ಲಿಂದ ಶುರು ಆಗುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಇಷ್ಟು ಓದಿ "ಹಾಗಾದ್ರೆ ಗಾಂಜಾ ಸೇಫ್" ಅಂತ ಸ್ಕ್ರೀನ್‌ಶಾಟ್ ತೆಗೆಯೋ ತಮ್ಮಂದಿರೇ, ನಿಲ್ಲಿ. ಹದಿನಾರು ಹದಿನೇಳಕ್ಕೆ ಶುರು ಮಾಡಿ ದಿನಾ ಸೇದೋರಿಗೆ ಮೆದುಳು ಇನ್ನೂ ಬೆಳೀತಾ ಇರೋ ವಯಸ್ಸು ಅದು, ಯಾರೋ ಹಿಂದೆ ಬಿದ್ದಿದಾರೆ, ಯಾರೋ ಕಿವೀಲಿ ಮಾತಾಡ್ತಿದಾರೆ ಅನ್ನೋ ಮಟ್ಟಕ್ಕೆ ಹೋಗೋ ಚಾನ್ಸ್ ಹೆಚ್ಚು, ಮನೇಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ ಇದ್ರಂತೂ ಇನ್ನೂ ಹೆಚ್ಚು. ಗಿಡಮೂಲಿಕೆ, ನ್ಯಾಚುರಲ್ ಅನ್ನೋ ವಾದ ನನ್ನ ಹತ್ರ ಬೇಡ, ವಿಷದ ಉಮ್ಮತ್ತಿನೂ ಗಿಡಾನೇ. ಕಾನೂನಲ್ಲಂತೂ ಸೇದಿದ್ದಕ್ಕೇ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ ಇದೆ, ಮಾರೋಕೆ ಕೈ ಹಾಕಿದ್ರೆ ಕಥೆ ಇನ್ನೂ ದೊಡ್ಡದು. ಅಪ್ಪ ಅಮ್ಮನ ಭಯ ಪೂರ್ತಿ ಮೂಢನಂಬಿಕೆ ಏನಲ್ಲ.

ನನ್ನ ತಕರಾರು ಇರೋದು "ಕುಡಿದ್ರೆ ಕುಡೀಲಿ" ಅನ್ನೋ ಅರ್ಧದ ಮೇಲೆ. ಅಪ್ಪ ಕುಡಿಯೋದು ಸಮಸ್ಯೆ ಅಂತ ಯಾರಿಗೂ ಅನ್ಸದೇ ಇರೋದ್ರಿಂದ ಅವರು ಡಾಕ್ಟರ್ ಹತ್ರ ಬರೋಷ್ಟರಲ್ಲಿ ಲಿವರ್ ಕೆಟ್ಟು ಹೊಟ್ಟೇಲಿ ನೀರು ತುಂಬಿರುತ್ತೆ. "ಅಯ್ಯಪ್ಪ ಮಾಲೆ ಹಾಕ್ದಾಗ ಬಿಡ್ತಾರಲ್ಲ, ಅಂದ್ಮೇಲೆ ಕುಡುಕ ಹೇಗಾದ್ರು" ಅಂತ ಹೆಂಡ್ತೀನೇ ವಾದ ಮಾಡ್ತಾರೆ, ಮಾಲೆ ತೆಗೆದ ದಿನ ಸಂಜೆ ಎಲ್ಲಿಗೆ ಹೋದ್ರು ಅಂತ ಕೇಳಿದ್ರೆ ಸುಮ್ನಾಗ್ತಾರೆ. ಇನ್ನೊಂದು, ಇದು ಜೀವದ ವಿಷಯ: ವರ್ಷಗಟ್ಟಲೆ ದಿನಾ ಕುಡಿಯೋರನ್ನ ಆಣೆ ಹಾಕಿಸಿ, ರೂಮಲ್ಲಿ ಕೂಡಿ ಹಾಕಿ ಒಂದೇ ಏಟಿಗೆ ಬಿಡಿಸೋಕೆ ಹೋಗಬೇಡಿ. ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲಾ ಕಣ್ಣಿಗೆ ಕಂಡು ಒದರಾಡಬಹುದು, ಪ್ರಾಣಾನೇ ಹೋಗಬಹುದು. ಗಾಂಜಾ ಬಿಟ್ಟೋರಿಗೆ ನಿದ್ದೆ ಕೆಡುತ್ತೆ, ಸಿಡಿಮಿಡಿ ಆಗುತ್ತೆ, ಊಟ ಸೇರಲ್ಲ, ಅದ್ರಿಂದ ಸಾಯೋದಿಲ್ಲ. ಬಿಡಿಸೋವಾಗ ಆಸ್ಪತ್ರೆ ಯಾರಿಗೆ ಜಾಸ್ತಿ ಬೇಕು ಅಂತ ಈಗ ನೀವೇ ನೋಡಿ.

ಪೊಲೀಸ್ ಭಯಕ್ಕೆ ಮಗನ್ನ ಮನೇಲೇ ಬಚ್ಚಿಟ್ಟಿರೋರಿಗೆ ಒಂದು ಮಾತು. ಚಿಕ್ಕ ಪ್ರಮಾಣದಲ್ಲಿ ಇಟ್ಕೊಂಡ ಅಥವಾ ಸೇದಿದ ಕೇಸಾಗಿದ್ದು, ಚಟಕ್ಕೆ ಬಿದ್ದೋನು ತಾನಾಗೇ ಸರ್ಕಾರಿ ಅಥವಾ ಮಾನ್ಯತೆ ಇರೋ ಕೇಂದ್ರಕ್ಕೆ ಚಿಕಿತ್ಸೆಗೆ ಬಂದ್ರೆ ಅದೇ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಶಿಕ್ಷೆಯಿಂದ ರಕ್ಷಣೆ ಕೊಡುತ್ತೆ, ಚಿಕಿತ್ಸೆ ಪೂರ್ತಿ ಮುಗಿಸಬೇಕು ಅಷ್ಟೇ. ಸೆಂಟರಿಗೆ ಬರೋಕೆ ಮುಜುಗರ ಆದ್ರೆ ವ್ಯಸನಮುಕ್ತಿ ಸಹಾಯವಾಣಿ 14446 ಇದೆ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಎರಡಕ್ಕೂ ದುಡ್ಡಿಲ್ಲ. ಮಗನಿಗೆ ಅಂತ ಫೋನ್ ಮಾಡಿದಾಗ ಮನೆಯವರ ಕುಡಿತದ ವಿಷಯಾನೂ ಒಂದೇ ಉಸಿರಲ್ಲಿ ಹೇಳ್ಬಿಡಿ ಅಮ್ಮಾ, ಆ ಕಡೆ ಇರೋರು ಅದನ್ನೂ ಬರ್ಕೋತಾರೆ.